ಕಾಶವ್ವನ ಗಾಡಿಗೆ ಹೊಸ್ತಿಲು

ಆ ಬೆಳಿಗ್ಗೆ ಕಾಶವ್ವ ಟೆಂಟಿನಿಂದ ಎದ್ದು ಹೊರಬರಲು ಹೋದಳು, ಟೆಂಟೂ ಅವಳ ಜೊತೆಗೇ ಎದ್ದು ಬಂತು. ಖಾನಾಪುರದ ಆಚೆ, ಮಲಪ್ರಭೆಯ ದಂಡೆಗೆ ಹತ್ತಿಕೊಂಡಿರುವ ಭೀಮಕ್ಕನ ಹೊಲದಲ್ಲಿ ನಡೆದ ಸಂಗತಿ ಇದು. ರಾತ್ರಿಯೆಲ್ಲ ಮಡಚಿಕೊಂಡಿದ್ದ ಮೊಣಕಾಲು ಬಿಚ್ಚಲೊಲ್ಲದು. ಆಸರೆಗೆಂದು ಕೈಗೆ ಸಿಕ್ಕ ಟೆಂಟಿನ ಕೋಲನ್ನೇ ಜಗ್ಗಿ ಹಿಡಿದು ಮೇಲೇಳುವಷ್ಟರಲ್ಲಿ ಗೂಟಗಳೆಲ್ಲ ಕಿತ್ತು ಬಂದು, ಕಿತ್ತಳೆ ಬಣ್ಣದ ಬಟ್ಟೆ ಅವಳನ್ನು ತಲೆಯಿಂದ ಕಾಲಿನವರೆಗೆ ಮುಚ್ಚಿಬಿಟ್ಟಿತು. "ಯಾರರ ಹಿಡೀರ್ರೆವ್ವಾ!" ಎಂದು ಒಳಗಿನಿಂದ ಕೂಗುತ್ತ ಅವಳು ಅತ್ತಿತ್ತ ತಡವರಿಸಿದ್ದನ್ನು ಕಂಡು ಭೀಮಕ್ಕನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಗೆಳತಿ ಕುಮುದಿನಿ ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ನೆಲಕ್ಕೆ ಕುಸಿದಳು. ಕುಸಿದವಳಿಗೂ ಏಳಲು ಬರಲಿಲ್ಲ. ಅವಳ ಮೊಣಕಾಲಿಗೂ ಅಷ್ಟೇ ವಯಸ್ಸಾಗಿತ್ತು. ಕೊನೆಗೆ ಮೂವರಲ್ಲಿ ಚಿಕ್ಕವಳಾದ ಪೂನಮ ಇಬ್ಬರನ್ನೂ ಒಬ್ಬೊಬ್ಬರಾಗಿ ಎತ್ತಿ ನಿಲ್ಲಿಸಿ, ಆಮೇಲೆ ಎಮ್ಮೆ ಹುಡುಕಲು ಹೋದಳು.

"ಇನ್ನ ನೆಲದ ಮ್ಯಾಲ ಮಲಗೂದು ನನ್ನ ಕಡಿಂದ ಆಗೂದಿಲ್ಲರೀ ಕುಮುದಿನಿಬಾಯಾರ," ಎಂದಳು ಕಾಶವ್ವ. "ಹಂಗಂತ ಇಲ್ಲಿಗೆ ಬರೂದನ್ನ ಬಿಡಾಕೂ ಆಗೂದಿಲ್ಲ."

ಬಿಡಲು ಯಾಕಾಗುವುದಿಲ್ಲ ಎಂದು ತಿಳಿಯಬೇಕಾದರೆ ಟಿಳಕವಾಡಿಯಲ್ಲಿರುವ ಅವಳ ಮನೆಗೆ ಒಂದು ದಿನ ಹೋಗಿ ಕೂರಬೇಕು. ಕೂತರೆ ಚಹಾ ಬರುತ್ತದೆ, ಅದರಲ್ಲಿ ಅನುಮಾನವೇ ಬೇಡ. ಅವಳು ಬೈಲಹೊಂಗಲದಿಂದ ಸೊಸೆಯಾಗಿ ಆ ಮನೆಗೆ ಬಂದ ದಿನವೇ ಅತ್ತೆ ಒಂದು ಮಾತು ಹೇಳಿದ್ದಳು, ಹೊಸ್ತಿಲು ದಾಟಿ ಒಳಗೆ ಬಂದವರು ಒಣಬಾಯಲ್ಲಿ ಹೊರಗೆ ಹೋಗಬಾರದು ಎಂದು. ಹೇಳಿ ಅತ್ತೆ ಆರಾಮಾಗಿ ಕೂತಳು, ಮಾಡುವ ಕೆಲಸ ಸೊಸೆಯ ಪಾಲಿಗೆ ಬಂತು. ಗಂಡ ಗುರುಪುತ್ರಪ್ಪನದು ಉದ್ಯಮಬಾಗದಲ್ಲಿ ಸಣ್ಣದೊಂದು ವರ್ಕ್‌ಶಾಪು. ಅವನನ್ನು ಹುಡುಕಿಕೊಂಡು ಬರುವವರೆಲ್ಲ ಯಾಕೋ ವರ್ಕ್‌ಶಾಪಿಗೆ ಹೋಗದೆ ಮನೆಗೇ ಬರುತ್ತಿದ್ದರು. ಕರೆಂಟಿನ ಮೀಟರು ನೋಡಲು ಬಂದವನಿಗೂ ಚಹಾ, ವಿಳಾಸ ತಪ್ಪಿ ಬಂದವನಿಗೂ ಚಹಾ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಮಾತು ಮಾತ್ರ ಗಟ್ಟಿಯಾಗಿ ಬದುಕಿತ್ತು. ಮಗಳು ಸಾಕ್ಷಿ ಮದುವೆಯಾಗಿ ದೇಸೂರಿಗೆ ಹೋದಳು, ಮಗ ದೊಡ್ಡವನಾದ, ಸೊಸೆ ಬಂದಳು. ಕಾಶವ್ವನ ಒಲೆ ಮಾತ್ರ ಆರಲಿಲ್ಲ.

ಟೆಂಟು ಅವಳ ಬಾಳಿಗೆ ಬಂದದ್ದು ಮೂರು ಚಳಿಗಾಲದ ಹಿಂದೆ. ಬಾಜೂ ಮನೆಯ ಕುಮುದಿನಿ ಬ್ಯಾಂಕಿನ ನೌಕರಿಯಿಂದ ನಿವೃತ್ತಳಾಗಿ, ಹೊತ್ತು ಹೋಗದೆ ಅಟ್ಟ ಸ್ವಚ್ಛ ಮಾಡುವಾಗ, ಗುಡ್ಡ ಹತ್ತುವ ಹುಚ್ಚಿದ್ದ ಅಳಿಯ ಮಯೂರ ಬಿಟ್ಟುಹೋದ ಟೆಂಟು ಸಿಕ್ಕಿತು. ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಪೂನಮ, ಖಾನಾಪುರದ ಕಡೆ ತನ್ನ ಪರಿಚಯದ ಭೀಮಕ್ಕನ ಹೊಲವಿದೆ, ಹೋಗೋಣ ಎಂದಳು. ಒಂದೇ ರಾತ್ರಿ ಎಂದು ಹೇಳಿ ಹೊರಟರು. ಕಟ್ಟಿಕೊಂಡ ಬುತ್ತಿ ಎಂದರೆ ಕಡಕ ರೊಟ್ಟಿ, ಶೇಂಗಾ ಹಿಂಡಿ, ಕುಮುದಿನಿ ಹಚ್ಚಿದ ಅವಲಕ್ಕಿ. ಬೆಂಕಿ ಹೊತ್ತಿಸುವ ಮಾತೇ ಇಲ್ಲ.

ಮರುದಿನ ನಸುಕಿನಲ್ಲಿ ರೂಢಿಯಂತೆ ಕಾಶವ್ವನಿಗೆ ಎಚ್ಚರವಾಯಿತು. ಹಾಲು ಕಾಯಿಸಬೇಕೆಂದು ಕೈ ತಾನಾಗಿ ಲೈಟರು ಹುಡುಕಿತು. ಲೈಟರು ಇರಲಿಲ್ಲ, ಗ್ಯಾಸು ಇರಲಿಲ್ಲ, ಹಾಲೂ ಇರಲಿಲ್ಲ. ಹೊಳೆಯ ಸಪ್ಪಳವೊಂದೇ ಇತ್ತು. ಅವಳು ಒಂದು ಕ್ಷಣ ಹಾಗೇ ಕೂತು, ಮತ್ತೆ ಮಲಗಿಬಿಟ್ಟಳು. ಎಚ್ಚರವಾದ ಮೇಲೆ ಮತ್ತೆ ಮಲಗಿದ್ದು ಮದುವೆಯಾದ ಮೇಲೆ ಅದೇ ಮೊದಲು. ಆ ಸುಖ ನೆನೆದರೆ ಈಗಲೂ ಅವಳ ಕಣ್ಣು ತುಂಬುತ್ತದೆ. ವರ್ಷದಲ್ಲಿ ನಾಲ್ಕೈದು ಸಲ ಅವಳು ಖಾನಾಪುರಕ್ಕೆ ಹೋಗುತ್ತಿದ್ದುದು ಹೊಳೆ ನೋಡಲಿಕ್ಕಲ್ಲ, ಗುಡ್ಡ ನೋಡಲಿಕ್ಕೂ ಅಲ್ಲ. ಯಾರೂ ಏನೂ ಕೇಳದ ಒಂದು ಜಾಗ ಭೂಮಿಯ ಮೇಲೆ ಇದೆಯಲ್ಲ ಎಂಬ ಸಮಾಧಾನಕ್ಕೆ. ಈಗ ಮೊಣಕಾಲು ಅದನ್ನೂ ಕಸಿದುಕೊಳ್ಳಲು ಹೊರಟಿತ್ತು.

ದಾರಿ ತೋರಿಸಿದವಳು ಪೂನಮ. ಅವಳ ಹಳೆಯ ವ್ಯಾನು ಮಕ್ಕಳನ್ನು ಹೊರುವ ಕೆಲಸ ಮುಗಿಸಿ ಮನೆಯ ಮುಂದೆ ನಿಂತಿತ್ತು. ದೂರದ ದೇಶದಲ್ಲಿ ಹೆಂಗಸರು ಗಾಡಿಯನ್ನೇ ಮನೆ ಮಾಡಿಕೊಂಡು ಊರೂರು ತಿರುಗುವ ವಿಡಿಯೋಗಳನ್ನು ಅವಳು ಮೊಬೈಲಿನಲ್ಲಿ ತೋರಿಸಿದಳು.

"ಮೂರು ಮಂಚ ಹಾಕಿದ್ರ ಆತು ಕಾಕು. ನೆಲಾ ಮುಟ್ಟೂದ ಬ್ಯಾಡ. ನಾ ಹೊಡಿತೀನಿ, ನೀವ ಮಲಗ್ರಿ."

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕಾಶವ್ವ ಮಾಡಿದ ತಪ್ಪೆಂದರೆ, ಆ ಮೂರು ಮಂಚ ಮಾಡಿಕೊಡಲು ಗಂಡನಿಗೆ ಹೇಳಿದ್ದು.

ಗುರುಪುತ್ರಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟೆಲ್ಲ ತಾಪತ್ರಯ ಆಗುತ್ತಲೇ ಇರಲಿಲ್ಲ, ಮೂರು ಮಂಚ ಬಡಿದು ಕೈ ತೊಳೆದುಕೊಳ್ಳುತ್ತಿದ್ದ. ಊರಿನವರ ಯಂತ್ರಗಳಿಗೆಲ್ಲ ಭಾಗ ಮಾಡಿಕೊಟ್ಟ ಮನುಷ್ಯ ಹೆಂಡತಿಗಾಗಿ ಇಲ್ಲಿಯವರೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಈಗ ಅವಳೇ ಬಾಯಿಬಿಟ್ಟು ಕೇಳಿದ್ದಾಳೆಂದು ಅವನಿಗೆ ಹಿಗ್ಗು ತಡೆಯಲಾಗಲಿಲ್ಲ. ವ್ಯಾನು ಉದ್ಯಮಬಾಗಕ್ಕೆ ಹೋಗಿ ವರ್ಕ್‌ಶಾಪಿನ ಒಳಗೆ ಸೇರಿಕೊಂಡಿತು. ನೋಡಲು ಬರುತ್ತೇವೆಂದರೆ "ಈಗ ಬ್ಯಾಡ, ಮುಗದ ಮ್ಯಾಲ ನೋಡೀರಂತ" ಎಂದು ಮೀಸೆಯಲ್ಲೇ ನಗುತ್ತಿದ್ದ.

ಮುಗಿದ ಮೇಲೆ ನೋಡಿದರೆ, ಮಂಚಗಳೇನೋ ಇದ್ದವು. ಆನೆ ಮಲಗಿದರೂ ಕಿರುಗುಟ್ಟದ ಕಬ್ಬಿಣದ ಮಂಚಗಳು. ಅವುಗಳ ಎದುರಿಗೆ ಈ ಕಡೆಯಿಂದ ಆ ಕಡೆಯವರೆಗೆ ಫಳಫಳಿಸುವ ಸ್ಟೀಲಿನ ಅಡಿಗೆ ಕಟ್ಟೆ! ಎರಡು ಒಲೆ, ಪಾತ್ರೆ ತೊಳೆಯಲು ಸಿಂಕು, ಲಟ್ಟಣಿಗೆಗೆ ಒಂದು ಗೂಡು. ಒಂದು ಮೂಲೆಯಲ್ಲಿ ಲಿಂಗಪೂಜೆಗೊಂದು ಪುಟ್ಟ ದೇವರ ಮಾಡ. ಇಷ್ಟೂ ಸಾಲದೆಂದು ಬಾಗಿಲಿಗೆ ಸಾಗವಾನಿ ಕಟ್ಟಿಗೆಯ ಹೊಸ್ತಿಲು, ಇಷ್ಟೆತ್ತರದ್ದು.

"ಗಾಡಿಗೆ ಹೊಸ್ತಿಲ ಯಾಕ್ರಿ?" ಎಂದಳು ಕಾಶವ್ವ, ಸಣ್ಣ ದನಿಯಲ್ಲಿ.

"ಹೊಸ್ತಿಲ ಇಲ್ಲದ್ದು ಮನಿ ಹೆಂಗ ಆಗತೈತಿ? ನಿನಗ ಮನಿ ಅನಸಬೇಕಲ್ಲ."

ಆ ಅಡಿಗೆ ಕಟ್ಟೆ ಕಂಡಾಗಲೇ ಇಲ್ಲೂ ತನಗೆ ಒಲೆ ತಪ್ಪಲಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಆದರೆ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ ಗಂಡನಿಗೆ ಏನು ಹೇಳುವುದು? "ಭಾಳ ಚಂದ ಆಗೇತ್ರಿ," ಎಂದುಬಿಟ್ಟಳು. ಅಷ್ಟೇ ಅಲ್ಲ, ತನ್ನ ಕೈಯಾರೆ ಆ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಹಾಲು ಉಕ್ಕಿದ ಮೇಲೆ ಅದು ಗಾಡಿಯಾಗಿ ಉಳಿಯಲಿಲ್ಲ, ಮನೆಯಾಯಿತು. ಮನೆಯಾದ ಮೇಲೆ ಮನೆಯ ಕಟ್ಟಳೆಗಳೆಲ್ಲ ಹಿಂದೆಯೇ ಬಂದವು.

ಮೊದಲ ಪ್ರಯಾಣ ದೇಸೂರಿನ ರೈಲ್ವೆ ಗೇಟಿನವರೆಗೂ ಸುಖವಾಗಿಯೇ ಸಾಗಿತು. ಗೇಟು ಹಾಕಿತ್ತು. ಪಕ್ಕದ ಕಾಯಿಪಲ್ಲೆ ಅಂಗಡಿಯ ಹತ್ತಿರ ನಿಂತಿದ್ದವಳು ಬೇರೆ ಯಾರೂ ಅಲ್ಲ, ಸಾಕ್ಷಿಯ ಅತ್ತೆ, ಕಾಶವ್ವನ ಬೀಗತಿ.

"ಅಯ್ಯ, ಹೊಸಾ ಮನಿ ಮಾಡಿಸೀರಿ, ನಮಗ ಒಂದ ಮಾತ ಹೇಳಲಿಲ್ಲಲ್ರಿ!" ಎನ್ನುತ್ತ ಬೀಗತಿ ತೆರೆದ ಬಾಗಿಲಲ್ಲಿ ಕಂಡ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಬಂದು ಮಂಚದ ಮೇಲೆ ಕೂತಳು.

ಬೀಗತಿ, ಅದೂ ಹೊಸ ಮನೆಗೆ ಮೊದಲ ಸಲ ಬಂದವಳು. ಕಾಶವ್ವನ ಕೈ ಅವಳನ್ನು ಕೇಳದೆಯೇ ಪಾತ್ರೆಗೆ ನೀರು ಹಾಕಿತು. ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಚಹಾ ಇನ್ನೂ ಕುದಿ ಬಂದಿರಲಿಲ್ಲ. ಬೀಗತಿಗೆ ಇಳಿ ಎನ್ನಲಾದೀತೆ? ಪೂನಮ ವ್ಯಾನನ್ನು ರಸ್ತೆಯ ಬಾಜೂ ತೆಗೆದುಕೊಂಡು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತಳು. ಬೀಗತಿ ಚಹಾ ಕುಡಿದು, ಗ್ಯಾಸಿನ ಒಲೆಯ ಉರಿ ಬಹಳ ಸಣ್ಣದಾಯಿತು ಎಂದು ಹೇಳಿ, ಕುಂಕುಮ ಹಚ್ಚಿಸಿಕೊಂಡು ಇಳಿದಳು.

ಖಾನಾಪುರದಲ್ಲಿ ಇನ್ನೊಂದು ತಮಾಷೆ. ಟೆಂಟಿದ್ದಾಗ ಭೀಮಕ್ಕ ಒಂದು ತಂಬಿಗೆ ಮಜ್ಜಿಗೆಯನ್ನು ದೂರದಲ್ಲೇ ಇಟ್ಟು "ಮಲಕೊಳ್ರೆವ್ವಾ" ಎಂದು ಹೋಗುತ್ತಿದ್ದಳು, ಮತ್ತೆ ಸುಳಿಯುತ್ತಿರಲಿಲ್ಲ. ಈಗ ಪೂನಮ ಫೋನಿನಲ್ಲಿ ಹೊಸ ಗಾಡಿಯ ಸುದ್ದಿ ಮೊದಲೇ ಹೇಳಿದ್ದಳಂತೆ, ವ್ಯಾನು ನಿಂತದ್ದೇ ತಡ, ಹಣೆತುಂಬ ಕುಂಕುಮ, ಕೈಯಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ ಹಿಡಿದು ಬಂದಳು. ಹಿಂದೆ ಅವಳ ಓಣಿಯ ಹೆಂಗಸರು.

"ಹೊಸಾ ಮನಿಗೆ ಬರಿಗೈಲೆ ಬರಬಾರದ್ರಿ," ಎಂದಳು ಭೀಮಕ್ಕ.

ಒಳಗೆ ನಾಲ್ವರಿಗೆ ಮಾತ್ರ ಜಾಗ. ಹಾಗಾಗಿ ನಾಲ್ವರು ಬಂದು ಚಹಾ ಕುಡಿದು ಇಳಿದರೆ ಮುಂದಿನ ನಾಲ್ವರು ಹತ್ತುತ್ತಿದ್ದರು. ಹತ್ತಿದವರೆಲ್ಲ ಲಟ್ಟಣಿಗೆಯ ಗೂಡನ್ನು ಹೊಗಳಿದರು, ಸಿಂಕಿನ ನೀರು ಎಲ್ಲಿ ಹೋಗುತ್ತದೆ ಎಂದು ಬಗ್ಗಿ ನೋಡಿದರು, ಕಾಶವ್ವನ ಉಡಿ ತುಂಬಿದರು. ಪೂನಮ ಹಾಲಿಗೆ ಓಡಿದಳು. ಕುಮುದಿನಿ ಸಿಂಕಿನ ಮುಂದೆ ನಿಂತು ಕಪ್ಪು ತೊಳೆಯುತ್ತ, "ಕಾಶವ್ವಾರ, ನಾ ಬ್ಯಾಂಕಿನ್ಯಾಗೂ ಇಷ್ಟು ಕೆಲಸ ಮಾಡಿರಲಿಲ್ಲರೀ" ಎಂದಳು. ಬಂದ ಹೆಂಗಸರೆಲ್ಲ ಬಂಗಾರದಂಥವರು. ಒಬ್ಬರ ಮೇಲಾದರೂ ಸಿಟ್ಟು ಮಾಡಲು ಬರುವಂತಿರಲಿಲ್ಲ, ಅದೇ ದೊಡ್ಡ ಸಂಕಟ. ಬಿಸಿಲು ಇಳಿಯುವ ಹೊತ್ತಿಗೆ ಕಾಶವ್ವನ ಮೊಣಕಾಲು ನೆಲದ ಮೇಲೆ ಮಲಗಿದ್ದಕ್ಕಿಂತ ಹೆಚ್ಚು ನೋಯುತ್ತಿತ್ತು. ಹೊಳೆಯ ಕಡೆಗೆ ಅವಳಿನ್ನೂ ಒಮ್ಮೆಯೂ ಮುಖ ಮಾಡಿರಲಿಲ್ಲ.

ಅಷ್ಟರಲ್ಲಿ ಫಟಫಟ ಎನ್ನುತ್ತ ಗುರುಪುತ್ರಪ್ಪನ ಬೈಕು ಬಂತು. ವೆಲ್ಡಿಂಗು ರಸ್ತೆಯ ಕುಲುಕಾಟಕ್ಕೆ ತಡೆದಿದೆಯೋ ಇಲ್ಲವೋ ನೋಡಲು ಬೆಳಗಾವಿಯಿಂದ ಬಂದಿದ್ದ. ಒಳಗೆ ಬಂದು ಕಟ್ಟೆಯನ್ನು ಬಡಿದು ನೋಡಿದ, ಬಗ್ಗಿ ಕೆಳಗೆ ನೋಡಿದ, ತೃಪ್ತಿಯಿಂದ ಮಂಚದ ಮೇಲೆ ಕಾಲು ಚಾಚಿದ.

"ಏ, ಒಂದು ಕಪ್ ಚಾ ಮಾಡ. ಊಟಕ್ಕ ಏನು ಮಾಡ್ತಿ?"

ಕಾಶವ್ವ ಗ್ಯಾಸು ಬಂದ್ ಮಾಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಅವಳು ಜೋರಾಗಿ ಮಾತಾಡುವವಳಲ್ಲ, ಆಗಲೂ ಜೋರಾಗಿ ಮಾತಾಡಲಿಲ್ಲ.

"ಈ ಮಾತ ಯಾರೂ ಕೇಳಬಾರದು ಅಂತ ನಾ ಇಲ್ಲಿಗೆ ಬರತಿದ್ನಿರಿ. ಅದರ ಸಲುವಾಗೇ ಬರತಿದ್ನಿ, ಬ್ಯಾರೆ ಯಾತರ ಸಲುವಾಗೂ ಅಲ್ಲ. ಒಂದು ಒಲಿ ಬಿಟ್ಟ ಬರಾಕತ್ತಿದ್ರ ನೀವು ಇನ್ನೊಂದ ಒಲಿ ಕಟ್ಟಿ ಕಳಿಸೀರಿ. ಮಂಚ ಕೇಳಿದ್ನಿ. ಮೂರ ಮಂಚ, ಅಷ್ಟ."

ಗುರುಪುತ್ರಪ್ಪ ಎದ್ದು ಕೂತ. ಅವನ ಮುಖ ಸಣ್ಣದಾಯಿತು. "ಮತ್ತ ಅವತ್ತ ಚಂದ ಐತಿ ಅಂದಿ?"

"ನಿಮ್ಮ ಮಾರಿ ನೋಡಿ ಅಂದ್ನಿ. ಈಗ ಇದನ್ನ ಬಿಚ್ಚಿಕೊಂಡ ಹೋಗ್ರಿ."

"ಬಿಚ್ಚಾಕ ಬರೂದಿಲ್ಲ. ವೆಲ್ಡಿಂಗ್ ಮಾಡೇನಿ," ಎಂದ ಗುರುಪುತ್ರಪ್ಪ. ಅಂಥ ಹೊತ್ತಿನಲ್ಲೂ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. "ಗಾಡಿ ಮುರದ್ರೂ ಅದು ಅಳ್ಳಾಡೂದಿಲ್ಲ."

"ಹಂಗಾರ ನೀವ ನಿಲ್ರಿ ಅದರ ಮುಂದ," ಎಂದು ಕಾಶವ್ವ ಇಕ್ಕಳವನ್ನು ಅವನ ಕೈಗಿತ್ತಳು. ಕುಮುದಿನಿಯನ್ನು ರಟ್ಟೆ ಹಿಡಿದು ಕರೆದುಕೊಂಡು ಹೊರಗೆ ಬಂದು, ಪೂನಮ ಹಾಕಿಟ್ಟಿದ್ದ ಪ್ಲಾಸ್ಟಿಕ್ ಖುರ್ಚಿಯಲ್ಲಿ ಹೊಳೆಗೆ ಮುಖ ಮಾಡಿ ಕೂತಳು.

ಗುರುಪುತ್ರಪ್ಪ ಬೈಕು ಹತ್ತಿ ಹೋಗಿಬಿಡಬಹುದಿತ್ತು. ಹೋಗುತ್ತಿದ್ದನೇನೋ. ಆದರೆ ಅದೇ ವೇಳೆಗೆ ಭೀಮಕ್ಕ, ಹೊಲದ ಕೆಲಸದಿಂದ ತಡವಾಗಿ ಬಂದ ಇನ್ನಿಬ್ಬರನ್ನು ಕರೆದುಕೊಂಡು ಹೊಸ್ತಿಲು ದಾಟಿ ಒಳಗೆ ಬಂದಳು. ತಾಯಿಯ ಮಾತು ಅವನಿಗೂ ಗೊತ್ತಿತ್ತು. ಇಷ್ಟು ವರ್ಷ ಅದು ತನಗೆ ಹೇಳಿದ್ದಲ್ಲ ಎಂದುಕೊಂಡಿದ್ದ, ಅಷ್ಟೇ. ಈಗ ಆ ಮಾತು ಎದುರಿಗೆ ಮೂವರ ರೂಪದಲ್ಲಿ ಮಂಚದ ಮೇಲೆ ಕೂತಿತ್ತು. ಅವನು ಇಕ್ಕಳ ಹಿಡಿದು ನಿಂತ, ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಚಹಾ ಆಯಿತು. ಹಾಲು ಒಂದಷ್ಟು ಕಟ್ಟೆಗೆ ಹೋಯಿತು, ಒಂದಷ್ಟು ಕಪ್ಪಿಗೆ ಬಂತು. ಭೀಮಕ್ಕ ಕುಡಿದು, ಅದು ಹೇಗಿತ್ತೆಂದು ಹೇಳದೆ, "ಗಂಡಸರ ಕೈಲೇ ಚಾ ಕುಡದಂಗಾತು, ಪುಣ್ಯಾ ಮಾಡಿದ್ನಿ" ಎಂದು ಹೇಳಿ ಇಳಿದಳು. ಸುದ್ದಿ ಓಣಿಗೆ ಮುಟ್ಟಲು ತಡವಾಗಲಿಲ್ಲ. ಒಮ್ಮೆ ಬಂದು ಹೋದವರೂ ಏನೋ ಮರೆತವರಂತೆ ಮತ್ತೊಮ್ಮೆ ಬರತೊಡಗಿದರು.

ಅವರೆಲ್ಲ ಹೋದ ಮೇಲೆ ಒಳಗಿನಿಂದ ರವೆ ಹುರಿಯುವ ವಾಸನೆ ಬಂತು. ಉಪ್ಪಿಟ್ಟು ಮಾಡುತ್ತಿದ್ದ ಮನುಷ್ಯ. ವಾಸನೆಯ ಮೇಲಿಂದಲೇ ಕಾಶವ್ವನಿಗೆ ಗೊತ್ತಾಯಿತು, ರವೆ ಸೀಯುತ್ತಿದೆ, ಇನ್ನೊಂದು ಕ್ಷಣದಲ್ಲಿ ನೀರು ಹಾಕಬೇಕು. ಅವಳು ಖುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಂಡನ ಮೇಲೆ ಈಗ ಸಿಟ್ಟಿರಲಿಲ್ಲ, ಮರುಕ ಬರುತ್ತಿತ್ತು. ಸಿಟ್ಟಿದ್ದಾಗ ಕೂರುವುದು ಸುಲಭವಿತ್ತು.

"ಏ, ಉಪ್ಪ ಎಲ್ಲಿಟ್ಟೀ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಎಡಗಡೆ, ಕೆಳಗಿನ ಸಾಲು, ನೀಲಿ ಮುಚ್ಚಳದ ಡಬ್ಬಿ. ಇಷ್ಟು ವರ್ಷ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ರೂಢಿಯಾದ ಬಾಯಿ ಅದು. ಕಾಶವ್ವ ತುಟಿ ಕಚ್ಚಿ ಹಿಡಿದಳು. ಒಳಗೆ ಒಂದೊಂದೇ ಡಬ್ಬಿ ತೆರೆದು ಮುಚ್ಚುವ ಸದ್ದು ಕೇಳತೊಡಗಿತು.

ಕುಮುದಿನಿಗೆ ತಡೆಯಲಾಗಲಿಲ್ಲ. ಅರ್ಧ ಎದ್ದು, "ಪಾಪ, ಸಿಗವಲ್ದು ಕಾಣಸ್ತದ. ನಾ ಹೇಳಿ ಬರಲೇನ್ರಿ?" ಎಂದು ಪಿಸುಗುಟ್ಟಿದಳು. ಕಾಶವ್ವ ಅವಳ ಕೈ ಹಿಡಿದು ಜಗ್ಗಿ ಕೂರಿಸಿದಳು.

"ಏ, ಕೇಳಸ್ತೈತೋ ಇಲ್ಲೋ?"

"ಕೇಳಸ್ತೈತ್ರಿ," ಎಂದಳು ಕಾಶವ್ವ. "ಹುಡುಕ್ರಿ."

ಡಬ್ಬಿಗಳ ಸದ್ದು ಇನ್ನೂ ಬಹಳ ಹೊತ್ತು ಕೇಳುತ್ತಲೇ ಇತ್ತು. ಅವಳು ಎದ್ದು ಹೋಗಲಿಲ್ಲ.