ಜೆಲ್ಲಿ ಹಲ್ಲುಗಳು ನಮ್ಮ ಮನೆಯವು

ಆ ಜೆಲ್ಲಿ ಹಲ್ಲುಗಳ ಮಿಠಾಯಿಯನ್ನು ನಿಮ್ಮ ಮಕ್ಕಳ ಚೀಲಕ್ಕೆ ಹಾಕಿದವಳು ನಾನು. ಡೋರೀನ್ ಅಲ್ಲ. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಬೀದಿಯಲ್ಲಿ, ಹಿಂದಿನ ಬೀದಿಯಲ್ಲಿ ಆಗ ಇದ್ದ ಕನ್ನಡದ ಮನೆಗಳವರೆಲ್ಲ ಹನ್ನೆರಡು ವರ್ಷಗಳಿಂದ ಏನನ್ನು ನಂಬಿಕೊಂಡು ಬಂದಿದ್ದೀರೋ ಅದು ಸುಳ್ಳು. ಆ ಸುಳ್ಳನ್ನು ಹೇಳಿದವಳೂ ನಾನೇ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ನನ್ನನ್ನು ಬಲ್ಲವರಿಗೆ ಗೊತ್ತು — ನಾನು ಮಾತು ಶುರುವಿಟ್ಟರೆ ಊರೆಲ್ಲ ಸುತ್ತಿ ಕೊನೆಗೆ ಈ ಗಿರಿಜಾ ಹೇಳಿದ್ದೇ ಸರಿ ಎಂಬಲ್ಲಿಗೆ ತಂದು ನಿಲ್ಲಿಸುತ್ತೇನೆ. ಈ ಸಲ ಆ ದಾರಿಯನ್ನು ಮುಚ್ಚಿಯೇ ಹೊರಟಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಕ್ಟೋಬರ್ ತಿಂಗಳ ಕೊನೆಯ ಸಂಜೆ ಇಲ್ಲಿ ಹ್ಯಾಲೋವೀನ್. ಮಕ್ಕಳು ದೆವ್ವದ, ಮಾಟಗಾತಿಯ, ಎಲುಬಿನ ಗೂಡಿನ ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತಾರೆ. ಬಾಗಿಲು ತೆರೆದವರು ಚೀಲಕ್ಕೆ ಒಂದು ಹಿಡಿ ಮಿಠಾಯಿ ಹಾಕಬೇಕು. ಧಾರವಾಡದಿಂದ ಬಂದ ಹೊಸತರಲ್ಲಿ, ಮಕ್ಕಳಿಗೆ ದೆವ್ವದ ವೇಷ ಹಾಕುವ ಇದೆಂಥ ಹಬ್ಬ ಎಂದು ಮೂಗು ಮುರಿದಿದ್ದೆ. ನನ್ನ ಮಕ್ಕಳು ಶಾಲೆ ಸೇರಿದ ಮೇಲೆ ಹಳೆಯ ಬೆಡ್‌ಶೀಟಿಗೆ ಕಣ್ಣಿನ ತೂತು ಕತ್ತರಿಸಿಕೊಟ್ಟವಳೂ ನಾನೇ. ನಮ್ಮ ಮನೆಗಳಿಗೆ ಅದರಲ್ಲಿ ಇದ್ದ ತೊಡಕು ಒಂದೇ, ಜಿಲಾಟಿನ್. ದನದ್ದೋ ಹಂದಿಯದೋ ಎಲುಬು, ಚರ್ಮ ಕುದಿಸಿ ತೆಗೆಯುವ ಅಂಟು ಅದು. ಇಲ್ಲಿನ ಎಷ್ಟೋ ಮೆತ್ತನೆಯ ಮಿಠಾಯಿಗಳಲ್ಲಿ ಇರುತ್ತದೆ. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ನಮ್ಮಂಥ ಮನೆಗಳಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಪೊಟ್ಟಣದ ಹಿಂಬದಿ ಓದುವುದರಲ್ಲಿ ಆಗ ನನ್ನನ್ನು ಮೀರಿಸಿದವರಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಯಾವ ಬಿಸ್ಕತ್ತಿನಲ್ಲಿ ಪ್ರಾಣಿಯ ಕೊಬ್ಬು, ಯಾವ ಚೀಸಿನಲ್ಲಿ ಕರುವಿನ ಹೊಟ್ಟೆಯ ರಸ, ಯಾವ ಕೆಂಪು ಬಣ್ಣ ಹುಳ ಅರೆದು ಮಾಡಿದ್ದು — ನಿಂತ ನಿಲುವಿನಲ್ಲಿ ಹೇಳುತ್ತಿದ್ದೆ. ನಾನು ಕೈಯಾರೆ ಬರೆದ ಪಟ್ಟಿ ಜೆರಾಕ್ಸ್ ಆಗಿ ಲಂಡನ್ನಿನ ಆಚೆ ತುದಿಯ ಈಸ್ಟ್ ಹ್ಯಾಮಿನವರೆಗೂ ಹೋಗಿತ್ತು. ಯಾರ ಮನೆಯ ಫ್ರಿಜ್ಜಿನ ಮೇಲೆ ನೋಡಿದರೂ ನನ್ನ ಅಕ್ಷರ. "ಗಿರಿಜಕ್ಕಾರು ಓದ್ಯಾರಂದ್ರ ಮುಗೀತು" ಎನ್ನುತ್ತಿದ್ದರು ಜನ. ಆ ಮಾತು ಕಿವಿಗೆ ಬಿದ್ದಾಗ ನನಗೆ ಎಷ್ಟು ಹಿತವಾಗುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆದ ಅನ್ಯಾಯದ ಬೇರು ಅಲ್ಲೇ ಇದೆ.

ಡೋರೀನ್ ನಮ್ಮ ಪಕ್ಕದ ಮನೆಯಾಕೆ. ಎರಡೂ ಮನೆಗಳಿಗೆ ನಡುವಿನ ಗೋಡೆ ಒಂದೇ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾಗಿದ್ದಳು, ಗಂಡ ತೀರಿಕೊಂಡಿದ್ದ, ಮಗಳು ಮದುವೆಯಾಗಿ ಊರಿನ ದಕ್ಷಿಣ ತುದಿಯ ಸಟನ್ನಿನಲ್ಲಿದ್ದಳು. ನಮ್ಮ ಮಕ್ಕಳು ಬಾಗಿಲು ತಟ್ಟಲು ಶುರುಮಾಡಿದ ವರ್ಷವೇ ಆಕೆ ಮಿಠಾಯಿಯ ಪೊಟ್ಟಣಗಳನ್ನೆಲ್ಲ ಎತ್ತಿಕೊಂಡು ನಮ್ಮ ಅಡುಗೆಮನೆಗೆ ಬಂದಳು. "ನಿಮ್ಮ ಮಕ್ಕಳು ತಿನ್ನೋದು ಯಾವ್ದು, ತಿನ್ನದೇ ಇರೋದು ಯಾವ್ದು ಹೇಳಿಬಿಡು, ಲವ್." ಯಾರನ್ನಾದರೂ ಅಕ್ಕರೆಯಿಂದ 'ಲವ್' ಎಂದೇ ಕರೆಯುವ ರೂಢಿ ಆಕೆಯದು. ನಾನು ಓದಿ ವಿಂಗಡಿಸಿದೆ. ಬೇಡವಾದದ್ದನ್ನು ಆಕೆ ಅಂಗಡಿಗೆ ವಾಪಸು ಕೊಟ್ಟು ಬೇರೆ ತಂದಳು. ಮುಂದೆ ಪ್ರತಿ ವರ್ಷ ಅದೇ ಪದ್ಧತಿಯಾಯಿತು. ಹಬ್ಬದ ಸಂಜೆ ಚೂಪು ತುದಿಯ ಕಪ್ಪು ಟೋಪಿ ಹಾಕಿ, ಬಾಗಿಲಲ್ಲಿ ಮಾಟಗಾತಿಯಂತೆ ಕೇಕೆ ಹಾಕಿ, ಮಂಡಿಯೂರಿ ಕೂತು ಬಟ್ಟಲು ಚಾಚುತ್ತಿದ್ದಳು. ಆ ಬೀದಿಯ ಇಂಗ್ಲಿಷರ ಮನೆಗಳಲ್ಲಿ ನಮ್ಮ ಮಕ್ಕಳು ಕೇಳದೆ ಕೈ ಹಾಕಬಹುದಾದ ಬಟ್ಟಲು ಅದೊಂದೇ.

ಈಗ ೧೯೯೬ರ ಆ ಸಂಜೆ. ಹುಚ್ಚು ಹಸುವಿನ ರೋಗದ ಸುದ್ದಿ ಪತ್ರಿಕೆಗಳ ತುಂಬ ಇದ್ದ ವರ್ಷ. ದನದ ಹೆಸರೆತ್ತಿದರೆ ಎಲ್ಲರೂ ಬೆಚ್ಚುತ್ತಿದ್ದರು. ಬೀದಿಗೆ ಹೊಸ ಸಂಸಾರಗಳು ಬಂದಿದ್ದವು, ನಾನು ಎಣಿಸಿದ್ದಕ್ಕಿಂತ ಹೆಚ್ಚು ಮಕ್ಕಳು ಬಂದರು, ಆರೂವರೆಗೆ ನನ್ನ ಬಟ್ಟಲು ಬರಿದಾಯಿತು. ನಮ್ಮನೆಯವರನ್ನು ಮೂಲೆಯಂಗಡಿಗೆ ಓಡಿಸಿದೆ. ಅವರು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದರು — ತುಂಬ ಜೆಲ್ಲಿ ಹಲ್ಲುಗಳು, ಗುಲಾಬಿ ವಸಡಿಗೆ ಬಿಳಿ ಕೋರೆ. ಮಕ್ಕಳು ಆಗಲೇ ಬಾಗಿಲಲ್ಲಿ ಚೀಲ ಅಗಲಿಸಿ ನಿಂತಿದ್ದರು. ಮುಚ್ಚಳ ಬಿಚ್ಚಿ ಬಟ್ಟಲಿಗೆ ಸುರಿದೆ. ಓದಲಿಲ್ಲ. ಲಂಡನ್ನಿಗೇ ಓದಿ ಹೇಳುತ್ತಿದ್ದವಳು, ಅದೊಂದನ್ನು —

ಎಂಟು ಗಂಟೆಗೆ ಬಾಗಿಲು ಹಾಕಿ ಆ ಖಾಲಿ ಡಬ್ಬಿಯನ್ನು ತೊಳೆಯಲು ಕೂತೆ. ಒಳ್ಳೆಯ ಡಬ್ಬಿಯನ್ನು ನಾವು ಎಸೆಯುತ್ತೇವೆಯೇ? ಅವಲಕ್ಕಿಗೆ ಆದೀತು ಎಂದು ಬಿಸಿನೀರಿನಲ್ಲಿ ಚೀಟಿ ಕೀಳುತ್ತಿದ್ದಾಗ ಕಣ್ಣು ತಾನಾಗಿ ಅಕ್ಷರದ ಮೇಲೆ ಹೋಯಿತು. ಸಕ್ಕರೆ, ಗ್ಲೂಕೋಸ್ ಪಾಕ, ದನದ ಜಿಲಾಟಿನ್. ಮತ್ತೊಮ್ಮೆ ಓದಿದೆ. ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ, ಮೇಲೆ ಆಲೂಗಡ್ಡೆ ಸಿಪ್ಪೆ ಮುಚ್ಚಿದೆ.

ಇನ್ನೂ ಸಮಯವಿತ್ತು, ಇದನ್ನು ಒತ್ತಿ ಹೇಳುತ್ತೇನೆ. ಫೋನು ಗೋಡೆಯ ಮೇಲಿತ್ತು, ಎಲ್ಲ ತಾಯಂದಿರ ನಂಬರು ನನ್ನ ಬಾಯಲ್ಲಿತ್ತು. ಗುಲಾಬಿ ಹಲ್ಲು ತಿನ್ನಿಸಬೇಡಿ, ನನ್ನಿಂದ ತಪ್ಪಾಯಿತು — ಇಷ್ಟು ಹೇಳಿದ್ದರೆ ಯಾರು ನನ್ನನ್ನು ನೇಣಿಗೆ ಹಾಕುತ್ತಿದ್ದರು? ಹತ್ತು ನಿಮಿಷದ ಕೆಲಸ. ನಾನು ಅಡುಗೆಮನೆಯಲ್ಲಿ ನಿಂತು ಯೋಚಿಸಿದ್ದು ಒಂದೇ: ಇನ್ನು ಮುಂದೆ ನನ್ನ ಪಟ್ಟಿಯನ್ನು ಯಾರು ನಂಬುತ್ತಾರೆ? ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಒಂಬತ್ತಕ್ಕೆ ಸುಮಂಗಲಾ ಫೋನು ಮಾಡಿದಳು. ವಿಜಾಪುರದವಳು, ಹಿಂದಿನ ಬೀದಿಗೆ ಬಂದು ಎರಡು ವರ್ಷವಾಗಿತ್ತು, ಏನೇ ಇದ್ದರೂ ನನ್ನನ್ನು ಕೇಳಿಯೇ ಮುಂದಿನ ಹೆಜ್ಜೆ. ಮಗಳು ಚೇತನಾಗೆ ಆಗ ಏಳು ವರ್ಷ. ಊರಿಂದ ಅತ್ತೆ ಬಂದು ಇಳಿದಿದ್ದರು.

"ಅಕ್ಕಾರ, ಚೇತನಾ ಏನೋ ಜೆಲ್ಲಿ ಹಲ್ಲು ತಿಂದಾಳ್ರಿ. ಅದರಾಗ ಅದು ಇರ್ತೈತೇನ್ರಿ? ನಮ್ಮತ್ತಿಯವ್ರು ಭಾಳ ಸಿಟ್ಟಾಗ್ಯಾರ. ಯಾರ ಮನ್ಯಾಗ ಕೊಟ್ರೋ ಹುಡುಗಿಗೆ ನೆನಪಿಲ್ಲ."

ನಾನು ಹೇಳಿದ ಮಾತು ಹೀಗಿತ್ತು, ಒಂದಕ್ಷರ ತಿದ್ದದೆ ಬರೆಯುತ್ತೇನೆ. "ಬಾಜೂ ಮನಿ ಡೋರೀನ್ ಕೊಟ್ಟಿರಬೇಕು ನೋಡವಾ. ಬಿಳಿ ಮಂದಿ. ಅವರಿಗೇನ ತಿಳೀತೈತಿ."

ಮೂರು ದಿನದ ಹಿಂದೆ ಆಕೆಯ ಬಟ್ಟಲಿಗೆ ಬೀಳಬೇಕಾದ ಒಂದೊಂದು ಪೊಟ್ಟಣವನ್ನೂ ನಾನೇ ಓದಿ ಕಳಿಸಿದ್ದೆ. ಚಾಕೊಲೇಟ್ ನಾಣ್ಯ, ಪುದೀನಾ ಗುಳಿಗೆ, ಗಟ್ಟಿ ಹಣ್ಣಿನ ಮಿಠಾಯಿ. ಆಕೆಯ ಬಟ್ಟಲು ಶುದ್ಧ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಖಾತ್ರಿಯಾಗಿ ಗೊತ್ತಿದ್ದರೆ ಅದು ನನಗೆ. ನಮ್ಮನೆಯವರು ಸೋಫಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು, ನನ್ನ ಮುಖ ನೋಡಿದರು. ನಾನೂ ನೋಡಿದೆ. ಅವರು ಟಿವಿಯ ಸದ್ದು ಜೋರು ಮಾಡಿದರು. ಡಬ್ಬಿ ತಂದವರು ಅವರು, ನಿಜ. ಸುರಿದವಳು ನಾನು, ಮಾತಾಡಿದವಳೂ ನಾನು. ಅವರನ್ನು ಇದರಲ್ಲಿ ಎಳೆಯುವುದಿಲ್ಲ.

ಅದೇ ರಾತ್ರಿ ಅಜ್ಜಿ ಚೇತನಾಗೆ ತಲೆಸ್ನಾನ ಮಾಡಿಸಿ, ಮೈಗೆಲ್ಲ ವಿಭೂತಿ ಹಚ್ಚಿ, ಐದು ದಿನ ದೇವರ ಕಪಾಟಿನ ಹತ್ತಿರ ಸುಳಿಯಗೊಡಲಿಲ್ಲವಂತೆ. ಸುದ್ದಿ ಕೇಳಿ ನಾನು "ಪಾಪ, ಕೂಸು" ಎಂದೆ. ಎಂದುಬಿಟ್ಟೆ — ಹೇಗೆ ಬಂತೋ ಬಾಯಿ. ಸುಮಂಗಲಾ ಉಳಿದ ತಾಯಂದಿರಿಗೆಲ್ಲ ಫೋನು ಮಾಡಿದ್ದಳು. ಅವಳ ತಪ್ಪೇನು? ನನ್ನ ಹೆಸರು ಹೇಳಿಯೇ ಮಾಡಿದ್ದಳು.

ಮರುವರ್ಷ ನಾನು ಕಿಟಕಿಯಿಂದ ನೋಡಿದೆ. ಮಕ್ಕಳು ಡೋರೀನಳ ಗೇಟಿನವರೆಗೆ ಬಂದರು, ದೊಡ್ಡವಳೊಬ್ಬಳು ಚಿಕ್ಕವರ ಕೈ ಎಳೆದು "ನಾಟ್ ದಟ್ ಒನ್" ಎಂದಳು, ಎಲ್ಲರೂ ನಮ್ಮ ಬಾಗಿಲಿಗೆ ಬಂದರು. ಆಕೆ ದೀಪ ಹಚ್ಚಿ, ಬಾಗಿಲು ತೆರೆದು, ಟೋಪಿ ಹಾಕಿಕೊಂಡು ನಿಂತಿದ್ದಳು. ಮಾರನೆಯ ದಿನ ಬೇಲಿಯ ಮೇಲಿಂದ ಹೇಳಿದಳು, "ನನ್ನ ಟೋಪಿ ನೋಡಿ ಚಿಕ್ಕವ್ರು ಹೆದರಿದ್ರೋ ಏನೋ." ಅದರ ಮುಂದಿನ ವರ್ಷ ಟೋಪಿ ಇರಲಿಲ್ಲ; ಕೂದಲು ಸುರುಳಿ ಮಾಡಿಸಿಕೊಂಡು, ನೀಲಿ ಕಾರ್ಡಿಗನ್ ತೊಟ್ಟು ನಿಂತಳು. ಯಾರೂ ಹೋಗಲಿಲ್ಲ. ಬಾಗಿಲಲ್ಲಿ ಬೆಳಕು ಸಾಲದೇನೋ ಎಂದು ಮತ್ತೊಂದು ವರ್ಷ ದೊಡ್ಡ ಬಲ್ಬು ಹಾಕಿಸಿದಳು, ಕುಂಬಳಕಾಯಿ ಕೊರೆದು ಗೇಟಿನ ಪಕ್ಕ ಇಟ್ಟಳು. ವರ್ಷಕ್ಕೊಂದರಂತೆ ತನ್ನಲ್ಲೇ ಒಂದು ಕೊರತೆ ಹುಡುಕಿ, ಸರಿಪಡಿಸಿಕೊಂಡು, ಮತ್ತೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಷ್ಟೂ ವರ್ಷ ಪೊಟ್ಟಣಗಳನ್ನು ನನ್ನ ಹತ್ತಿರ ತರುವುದನ್ನು ಮಾತ್ರ ಬಿಡಲಿಲ್ಲ. ನಾನೂ ಓದಿ, ಇದಾಗುತ್ತದೆ, ಇದಾಗುವುದಿಲ್ಲ ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದೆ.

ನಾಲ್ಕನೆಯ ವರ್ಷ ಏಳು ಗಂಟೆಗೆ ತುಂಬಿದ ಬಟ್ಟಲು ಹಿಡಿದು ಆಕೆಯೇ ನಮ್ಮ ಬಾಗಿಲಿಗೆ ಬಂದಳು. "ನಿನ್ನ ಹತ್ರ ಬರ್ತಾರಲ್ಲ, ನೀನೇ ಕೊಟ್ಬಿಡು. ಸುಮ್ನೆ ನನ್ನ ಮನೇಲಿ ಕೂತು ಏನಾಗ್ಬೇಕು." ತೆಗೆದುಕೊಂಡೆ. ಕೊಟ್ಟೆ. ಮಕ್ಕಳು ಖುಷಿಯಿಂದ ಬಾಚಿಕೊಂಡರು. ಗೇಟಿನ ಹತ್ತಿರ ನಿಂತಿದ್ದ ಸುಮಂಗಲಾ, "ಅಕ್ಕಾರ ಮನೀದಾದ್ರ ಚಿಂತಿನ ಇಲ್ಲ ನೋಡ್ರಿ" ಎಂದಳು. ನಾನು ನಕ್ಕೆ. ಡೋರೀನಳ ಮಿಠಾಯಿ, ನನ್ನ ಹೆಸರು — ಆ ನಗುವನ್ನು ನೆನೆದರೆ ನನಗೆ ಈಗಲೂ ನನ್ನ ಮೇಲೆ ಹೇಸಿಗೆಯಾಗುತ್ತದೆ. ಅಲ್ಲಿಂದಾಚೆಗೆ ಪ್ರತಿ ವರ್ಷ ಆ ಸಂಜೆ ಆಕೆ ಮುಂದಿನ ದೀಪ ಆರಿಸಿ ಹಿಂದಿನ ಕೋಣೆಯಲ್ಲಿ ಕೂರಲು ಶುರುಮಾಡಿದಳು.

೨೦೦೩ರಲ್ಲಿ ಮನೆ ಮಾರಿ ಮಗಳ ಹತ್ತಿರ ಸಟನ್ನಿಗೆ ಹೊರಟಳು. ಸಾಮಾನಿನ ವ್ಯಾನು ಹೊರಗೆ ನಿಂತಿತ್ತು. ಫುಟ್‌ಪಾತಿನ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದಳು, "ಒಂದು ವಿಷಯ ನೇರವಾಗಿ ಹೇಳು, ಲವ್. ನಿಮ್ಮವರಿಗೆ ನಾನೇನಾದ್ರೂ ಮಾಡಿದ್ನಾ?"

"ಛೆ, ಇಲ್ಲಪ್ಪ. ಮಕ್ಕಳು ದೊಡ್ಡೋರಾದ್ರು, ಅಷ್ಟೆ," ಎಂದೆ. ಸುಳ್ಳೆಂದು ಆಕೆಗೂ ತಿಳಿಯುವಂಥ ಮಾತು. ಬೀದಿಯಲ್ಲಿ ಚಿಕ್ಕ ಮಕ್ಕಳಿಗೆ ಯಾವತ್ತೂ ಬರವಿರಲಿಲ್ಲ. ಮೊದಲನೆಯ ಸುಳ್ಳನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದೇನೋ. ಇದಕ್ಕೆ ಏಳು ವರ್ಷದ ಪುರಸೊತ್ತಿತ್ತು. ಎರಡರಲ್ಲಿ ಇದೇ ದೊಡ್ಡದು ಎಂದು ನನ್ನ ಲೆಕ್ಕ.

ಹೋದ ತಿಂಗಳು ಸುಮಂಗಲಾಳ ಮನೆಗೆ ಹೋಗಿ ಎಲ್ಲ ಹೇಳಿದೆ. ಚೇತನಾ ಈಗ ಯೂನಿವರ್ಸಿಟಿಯಲ್ಲಿದ್ದಾಳೆ. ಸುಮಂಗಲಾ ಬೈಯಲಿ, ಬಾಗಿಲು ತೋರಿಸಲಿ ಎಂದು ತಯಾರಾಗಿಯೇ ಹೋಗಿದ್ದೆ. ಅವಳು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ನಾ ಆಕಿಗೆ ರಸ್ತೇದಾಗ ಸಿಕ್ರ ಮಾರಿ ತಿರುವಿಕೊಂಡು ಹೋಗ್ತಿದ್ನಿರಿ, ಅಕ್ಕಾರ. ಆಕಿ ಹಲೋ ಅಂತಿದ್ಲು." ಆಮೇಲೆ, "ನನಗ್ಯಾಕ ಹೇಳಾಕ ಬಂದೀರಿ? ನಾ ಬೈದು ನಾಕ ದಿನದಾಗ ಮರತಬಿಡ್ತೀನಿ. ಆಕಿಗೆ ಹೇಳ್ರಿ."

ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು. ಮನೆಗೆ ಬಂದು ಈ ಬರಹಕ್ಕೆ ಕೂತೆ. ಅರ್ಧ ಬರೆದಾಗ ಹೊಳೆಯಿತು — ಡೋರೀನಳಿಗೆ ಬಾರದ ಭಾಷೆಯಲ್ಲಿ, ಆಕೆ ಎಂದೂ ಓದದ ಕಾಗದದ ಮೇಲೆ ನಾನು ಧೈರ್ಯ ತೋರಿಸುತ್ತಿದ್ದೇನೆ. ಓದಿದ ನೀವು, ಗಿರಿಜಕ್ಕ ಎಷ್ಟು ದೊಡ್ಡ ಮನಸ್ಸಿನವರು, ಒಪ್ಪಿಕೊಂಡರಲ್ಲ ಎನ್ನುತ್ತೀರಿ. ಅದನ್ನು ಕೇಳುವ ಆಸೆ ನನ್ನಲ್ಲಿ ಇಲ್ಲದಿಲ್ಲ. ದಯವಿಟ್ಟು ಅನ್ನಬೇಡಿ. ಬದಲಿಗೆ ಬೆಳೆದ ನಿಮ್ಮ ಮಕ್ಕಳಿಗೆ ಒಂದು ಫೋನು ಮಾಡಿ, ಆ ಮನೆಯಿಂದ ನಿಮ್ಮನ್ನು ದೂರ ಎಳೆದದ್ದು ತಪ್ಪಾಗಿತ್ತು ಎಂದು ತಿಳಿಸಿ. ನಿಮ್ಮಿಂದ ನನಗೆ ಬೇಕಾದದ್ದು ಅಷ್ಟೆ.

ನಿನ್ನೆ ಸಟನ್ನಿಗೆ ಫೋನು ಮಾಡಿದೆ. ಮಗಳು ಎತ್ತಿಕೊಂಡು ತಾಯಿಗೆ ಕೊಟ್ಟಳು. ಡೋರೀನಳಿಗೆ ಈಗ ಕಿವಿ ಮಂದ. ನನ್ನ ಹೆಸರನ್ನು ಎರಡು ಸಲ ಹೇಳಬೇಕಾಯಿತು. ತಿಳಿದ ಮೇಲೆ ಹಿಗ್ಗಿದಳು. ಶನಿವಾರ ಬರುತ್ತೇನೆ ಎಂದೆ. "ಏನಾದ್ರೂ ವಿಶೇಷಾನಾ?" ಎಂದಳು. "ಹೌದು, ಬಂದು ಹೇಳ್ತೀನಿ," ಎಂದೆ.

ಒಬ್ಬಳೇ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ; ಕೇಳಿದರೆ ಆಕೆ ತಕ್ಷಣ ಕೊಟ್ಟುಬಿಡುತ್ತಾಳೆ, ಆಕೆಯ ಜಾಯಮಾನವೇ ಅಂಥದ್ದು. ಮಕ್ಕಳು ನಿನಗೆ ಹೆದರಲಿಲ್ಲ ಡೋರೀನ್, ನಿನ್ನ ಟೋಪಿಯಲ್ಲಿ, ನಿನ್ನ ದೀಪದಲ್ಲಿ, ನಿನ್ನಲ್ಲಿ ಯಾವ ಕೊರತೆಯೂ ಇರಲಿಲ್ಲ, ಅವರನ್ನು ತಡೆದವಳು ನಾನು ಎಂದು ಎದುರಿಗೆ ಕೂತು ಹೇಳುತ್ತೇನೆ. ಮೊದಲ ಸಲಕ್ಕೆ ಆಕೆಗೆ ಕೇಳಿಸದೆ ಹೋಗಬಹುದು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.