ಕೊಳ ಬೆಚ್ಚಗಾಗಲೆಂದು ಮಾತಾಡಿದ ಊರು

ಸಾಯ್ಮಿ ರೊಂಕಾಯ್ನೆನ್ ಲೆಪ್ಪಲ ಎಂಬ ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುತ್ತಾರೆ, ನೆಲ ಒರೆಸುತ್ತಾರೆ. ಯಾರಾದರೂ ಮೈ ತೊಳೆಯದೆ ನೀರಿಗಿಳಿಯಲು ಹೊರಟರೆ ಅವರೆದುರು ಹೋಗಿ ಸುಮ್ಮನೆ ನಿಲ್ಲುತ್ತಾರೆ. ಬೈಯುವುದಿಲ್ಲ. ಸ್ವಲ್ಪ ಹೊತ್ತು ನಿಂತರೆ ಸಾಕು, ಬಂದವರು ತಾವೇ ಹಿಂದಿರುಗಿ ಹೋಗುತ್ತಾರೆ. ಬುಧವಾರ ಬೆಳಿಗ್ಗೆ ಮಂಡಿನೋವು, ಸೊಂಟನೋವಿನವರಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸುವುದೂ ಅವರೇ. ನೋವಿನವರು ನೀರಿನಲ್ಲಿ, ಸಾಯ್ಮಿ ದಂಡೆಯ ಮೇಲೆ. ಇಷ್ಟು ವರ್ಷಗಳಲ್ಲಿ ಅವರು ನೀರಿಗಿಳಿದದ್ದನ್ನು ನೋಡಿದವರಿರಲಿಲ್ಲ. ಕೇಳಿದರೆ, ಕೆಲಸದ ಹೊತ್ತಿನಲ್ಲಿ ಈಜುವುದು ಸರಿಯಲ್ಲ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಕೊಳ ಮುಚ್ಚಿರುತ್ತಿತ್ತು.

ಸಾಯ್ಮಿ ಹುಟ್ಟಿದ್ದು ರಸ್ತೆ ಮುಗಿದ ಮೇಲೂ ಕಾಡಿನಲ್ಲಿ ಒಂದಷ್ಟು ನಡೆದರೆ ಸಿಗುವ ಮನೆಯಲ್ಲಿ. ಅಪ್ಪ ಮರ ಕಡಿಯಲು ಹೋಗುತ್ತಿದ್ದರು, ಅವ್ವ ಹಸು ನೋಡಿಕೊಳ್ಳುತ್ತಿದ್ದರು. ಆಗೆಲ್ಲ ಲೆಪ್ಪಲದ ದೂರವಾಣಿ ಸಹಕಾರ ಸಂಘದಲ್ಲಿ ಷೇರು ಇದ್ದವರ ಮನೆಗೆ ಮಾತ್ರ ತಂತಿ ಎಳೆಯುತ್ತಿದ್ದರು. ಅಪ್ಪ ಒಂದು ಕರು ಮಾರಿ ಷೇರು ಕೊಂಡರು. ಫೋನನ್ನು ನಡುಮನೆಯ ಗೋಡೆಗೆ ಹಾಕಿಸಿ, ಕೆಳಗೆ ಯಾರೂ ಕೂರಬಾರದ ಒಂದು ಕುರ್ಚಿ ಇಟ್ಟರು. ಹಸುವಿಗೆ ಹುಷಾರಿಲ್ಲದಾಗ ಪಶುವೈದ್ಯರನ್ನು ಕರೆಯುವುದು, ಯಾರಾದರೂ ತೀರಿಕೊಂಡರೆ ತಿಳಿಸುವುದು, ಇಷ್ಟಕ್ಕೇ ಅದರ ಬಳಕೆ. ಫೋನಿನ ಗಂಟೆ ಹೊಡೆದರೆ ಅವ್ವ ಮೊದಲು ಏಪ್ರನ್ ಬಿಚ್ಚಿಟ್ಟು, ತಲೆ ಸರಿ ಮಾಡಿಕೊಂಡು, ಆಮೇಲೆ ಎತ್ತುತ್ತಿದ್ದರು. ಸಾವಿನ ಸುದ್ದಿಯನ್ನು ಏಪ್ರನ್ ಕಟ್ಟಿಕೊಂಡು ಕೇಳುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ.

ಆ ಷೇರು ಈಗ ಮಗಳು ಸಾಯ್ಮಿಯ ಹೆಸರಿನಲ್ಲಿದೆ. ಊರಿನ ಹೆಚ್ಚಿನವರ ಬಳಿ ಹೀಗೊಂದು ಷೇರು ಇದೆ. ದೊಡ್ಡ ಕಂಪನಿಗಳು ಸುತ್ತಲಿನ ಊರುಗಳ ಸಂಘಗಳನ್ನೆಲ್ಲ ಕೊಂಡುಕೊಂಡಾಗ ಲೆಪ್ಪಲದವರು ಮಾರಲಿಲ್ಲ. ಛಲದಿಂದ ಅಲ್ಲ. ಮಾರಬೇಕೇ ಎಂದು ಸಭೆಯಲ್ಲಿ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ, ಅಧ್ಯಕ್ಷರು ಅದನ್ನು ಬೇಡ ಎಂದು ಬರೆದುಕೊಂಡರು.

ಸಂಘದ ವ್ಯವಸ್ಥಾಪಕಿ ತುಯಿರೆ ಹಕ್ಕೊಲ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು, ಸಂಘ ಊರಿಗೂ ಪರಿಸರಕ್ಕೂ ಏನು ಮಾಡಬಹುದೆಂದು ನೋಡಲಿಕ್ಕೆ. ನಾನೂ ಇಲ್ಲಿನ ಹಳ್ಳಿಯೊಂದರ ಹಸು ಸಾಕುವ ಮನೆಯಿಂದಲೇ ಓದಲು ಹೋದವನು. ನಾನು ಬರುವ ಹೊತ್ತಿಗೆ ತುಯಿರೆ ಒಂದು ಒಳ್ಳೆಯ ಕೆಲಸ ಮಾಡಿಯಾಗಿತ್ತು. ಮುಚ್ಚಿಹೋಗಿದ್ದ ಹಾಲಿನ ಡೈರಿಯಲ್ಲಿ ಸಂಘ ತನ್ನ ಕಂಪ್ಯೂಟರ್ ಯಂತ್ರಗಳನ್ನು ಇಟ್ಟು, ಉಳಿದ ಜಾಗವನ್ನು ಹೊರಗಿನ ಕಂಪನಿಗಳ ಯಂತ್ರಗಳಿಗೆ ಬಾಡಿಗೆಗೆ ಕೊಟ್ಟಿತ್ತು. ಯಂತ್ರಗಳು ಹಗಲೂ ರಾತ್ರಿ ಬಿಸಿಯಾಗುತ್ತವೆ. ಆ ಬಿಸಿಯೆಲ್ಲ ಚಾವಣಿಯ ಕೊಳವೆಗಳಿಂದ ಆಕಾಶಕ್ಕೆ ಹೋಗುತ್ತಿತ್ತು, ಚಳಿಗಾಲದಲ್ಲಿ ಊರಿನ ಕಾಗೆಗಳು ಅಲ್ಲೇ ಕೂರುತ್ತಿದ್ದವು. ಪಕ್ಕದಲ್ಲೇ ಈಜುಕೊಳದ ಕಟ್ಟಡ ಎಣ್ಣೆ ಸುಟ್ಟು ದೊಡ್ಡದು, ಚಿಕ್ಕದು ಎರಡು ಕೊಳಗಳ ನೀರು ಕಾಯಿಸುತ್ತಿತ್ತು. ಪುರಸಭೆ ಎಣ್ಣೆ ಕೊಳ್ಳಲಾರದೆ ಕೊಳ ಮುಚ್ಚುತ್ತೇವೆ ಎಂದಾಗ ತುಯಿರೆ ಎರಡು ಕಟ್ಟಡಗಳ ನಡುವೆ ಕೊಳವೆ ಹಾಕಿಸಿದರು. ಎಣ್ಣೆಯ ಬಾಯ್ಲರ್ ನಿಂತಿತು. ನೀರು ಬೆಚ್ಚಗಾಯಿತು. ಕಾಗೆಗಳು ಗ್ರಂಥಾಲಯದ ಮೇಲಕ್ಕೆ ಹೋದವು.

ಹೀಗೆ ಎರಡು ಚಳಿಗಾಲ ಕಳೆಯಿತು. ಮೂರನೆಯದರ ನಡುವೆ, ಅಲ್ಲಿ ಅತಿ ಹೆಚ್ಚು ಯಂತ್ರಗಳನ್ನಿಟ್ಟಿದ್ದ ಹೆಲ್ಸಿಂಕಿಯ ಕಂಪ್ಯೂಟರ್ ಆಟದ ಕಂಪನಿಯೊಂದು ಅವನ್ನೆಲ್ಲ ಬಿಚ್ಚಿಕೊಂಡು ಹೋಯಿತು. ಡೈರಿ ಅರ್ಧ ಖಾಲಿಯಾಯಿತು. ಕೊಳದ ನೀರು ದಿನದಿನಕ್ಕೆ ತಣ್ಣಗಾಯಿತು. ಬುಧವಾರದವರು ತುಟಿ ನೀಲಿ ಮಾಡಿಕೊಂಡು ಮೇಲೆ ಬಂದರು. ಪುರಸಭೆ ತನ್ನ ಮಾತು ಬದಲಿಸಲಿಲ್ಲ: ಮತ್ತೆ ಎಣ್ಣೆ ಕೊಳ್ಳುವುದಿಲ್ಲ, ಈಸ್ಟರ್ ಒಳಗೆ ಬೇರೆ ದಾರಿ ಕಾಣದಿದ್ದರೆ ಈಜುಕೊಳ ಕಾಯಂ ಆಗಿ ಮುಚ್ಚುತ್ತದೆ.

ತುಯಿರೆ ಸದಸ್ಯರನ್ನು ಕರೆದು ವಿಷಯ ತಿಳಿಸಿದರು. ಯಂತ್ರಗಳು ಕೆಲಸ ಮಾಡಿದಷ್ಟೂ ಬಿಸಿ ಬರುತ್ತದೆ, ಈಗ ಕೆಲಸ ಕಡಿಮೆಯಾಗಿದೆ, ಹೊಸ ಬಾಡಿಗೆದಾರರನ್ನು ಹುಡುಕುತ್ತಿದ್ದೇವೆ ಎಂದರು. ಸಾಯ್ಮಿ ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡರು. ಏಲಕ್ಕಿ ಬನ್ನು ತಿಂದು, ಕಾಫಿ ಕುಡಿದು, ಮನೆಗೆ ಹೋಗಿ ಯೋಚಿಸಿದರು. ಡೈರಿಯಲ್ಲಿರುವುದು ನಮ್ಮ ಸಂಘದ ಯಂತ್ರ. ಅದರ ಕೆಲಸ ಫೋನ್ ಮಾತನ್ನು ಅಲ್ಲಿಂದಿಲ್ಲಿಗೆ ಕಳಿಸುವುದು. ಲೆಪ್ಪಲದಲ್ಲಿ ಯಾರೂ ಫೋನ್ ಮಾಡುವುದಿಲ್ಲ. ಹಾಗಾದರೆ ನೀರು ತಣ್ಣಗಾಗಿರುವುದು ನಮ್ಮಿಂದಲೇ.

ಮರುದಿನವೇ ಬುಧವಾರದವರಿಗೆ ಹೇಳಿದರು: ಸುಗ್ಗಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳು ಹೋಗುವುದಿಲ್ಲವೇ, ಹಾಗೇ ಇದೂ. ಒಬ್ಬೊಬ್ಬರಿಗೆ ಒಬ್ಬೊಬ್ಬರು ಜೋಡಿ. ದಿನವೂ ಬೆಳಗಿನ ಕಾಫಿಯಾದ ಮೇಲೆ ಜೋಡಿಗೆ ಫೋನ್ ಮಾಡಿ ಸಾಧ್ಯವಾದಷ್ಟು ಹೊತ್ತು ಮಾತಾಡಬೇಕು. ಮುಯ್ಯಾಳು ಎಂದ ಮೇಲೆ ಲೆಪ್ಪಲದಲ್ಲಿ ಒಲ್ಲೆ ಎನ್ನುವ ಪದ್ಧತಿಯಿಲ್ಲ. ಸಾಯ್ಮಿಯ ಪಾಲಿಗೆ ಬಂದವರು ಆತೊಸ್ ಲೆಂಪಿನೆನ್, ನಿವೃತ್ತ ಬಸ್ ಚಾಲಕ. ಮೊದಲ ಕರೆ ಹೀಗಿತ್ತು ಎಂದು ಆಮೇಲೆ ಇಬ್ಬರೂ ಒಂದೇ ರೀತಿ ಹೇಳಿದ್ದಾರೆ.

"ಯಾರು ಹೋದ್ರು?" ಎಂದರು ಆತೊಸ್.

"ಯಾರೂ ಹೋಗಿಲ್ಲ. ಕೊಳಕ್ಕೋಸ್ಕರ ಮಾಡ್ದೆ."

"ಹೌದಲ್ಲ, ಇವತ್ತಿಂದ ಅಲ್ವಾ. ಸರಿ, ಮಾತಾಡು."

"ನೀನೂ ಮಾತಾಡ್ಬೇಕು."

"ನಾನು ಕೇಳಿಸ್ಕೊಳ್ತಾ ಇದ್ದೀನಲ್ಲ. ಬಸ್ಸಲ್ಲೂ ಹಾಗೇ, ಪ್ರಯಾಣಿಕರು ಮಾತಾಡ್ತಿದ್ರು, ನಾನು ಓಡಿಸ್ತಿದ್ದೆ."

ಆ ವಾರ ಊರಿನಲ್ಲೆಲ್ಲ ಹೀಗೇ ಆಯಿತು. ಫೋನ್ ಗಂಟೆ ಹೊಡೆದಲ್ಲೆಲ್ಲ ಜನ ಸಾವಿನ ಸುದ್ದಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಎತ್ತಿದರು, ಯಾರೂ ಸತ್ತಿಲ್ಲ ಎಂದು ತಿಳಿದಾಗ ಮುಂದೇನು ಹೇಳಬೇಕೋ ಗೊತ್ತಾಗದೆ ನಿಂತರು. ಹವೆಯ ಮಾತು ಬೇಗ ಮುಗಿಯಿತು. ಆಗ ಒಂದು ತಾಂತ್ರಿಕ ಪ್ರಶ್ನೆ ಎದ್ದಿತು: ಸುಮ್ಮನಿದ್ದರೆ ಲೆಕ್ಕಕ್ಕೆ ಬರುತ್ತದೆಯೇ? ಸಾಯ್ಮಿ ಡೈರಿಗೆ ಹೋಗಿ ಯಂತ್ರಗಳನ್ನು ನೋಡಿಕೊಳ್ಳುವ ಎನ್ಸಿಯೊನನ್ನು ಕೇಳಿದರು. ಇಬ್ಬರೂ ಮಾತಾಡದೆ ಫೋನ್ ಹಿಡಿದು ಕೂತರೂ ಕರೆ ನಡೆಯುತ್ತಿರುತ್ತದೆಯೇ? ನಡೆಯುತ್ತಿರುತ್ತದೆ ಎಂದ ಎನ್ಸಿಯೊ. ಸಾಯ್ಮಿ ಧನ್ಯವಾದ ಹೇಳಿ ಹೋದರು.

ಈ ಸುದ್ದಿಯಿಂದ ಗಂಡಸರಿಗೆ ನೆಮ್ಮದಿಯಾಯಿತು. ಅಲ್ಲಿಯವರೆಗೆ ಹೊರಗುಳಿದಿದ್ದವರೂ ಸೇರಿಕೊಂಡರು. ಫೋನನ್ನು ಮೇಜಿನ ಮೇಲಿಟ್ಟು ಬಲೆ ಹೆಣೆದರು, ಆಲೂಗಡ್ಡೆ ಸುಲಿದರು, ಪತ್ರಿಕೆ ಓದಿದರು. ಆ ಕಡೆಯವನು ಕೆಮ್ಮಿದ್ದು ಈ ಕಡೆಯವನಿಗೆ ಕೇಳುತ್ತಿತ್ತು. ಹೀಗೆ ಕೂತಾಗ ನಡುನಡುವೆ ಬಾಯ್ತಪ್ಪಿ ಮಾತೂ ಬಂತು. ಅಕ್ಕಪಕ್ಕದ ಮನೆಯ ಇಬ್ಬರು, ಒಬ್ಬರಿಗೋಸ್ಕರ ಇನ್ನೊಬ್ಬರು ವರ್ಷಗಳಿಂದ ಶನಿವಾರದ ಟ್ಯಾಂಗೋ ಕುಣಿತಕ್ಕೆ ಹೋಗುತ್ತಿದ್ದರೆಂದೂ ಇಬ್ಬರಿಗೂ ಅದು ಸೇರುವುದಿಲ್ಲವೆಂದೂ ತಿಳಿಯಿತು. ಕೆರೆಯ ಪೂರ್ವದ ದಂಡೆಯ ಕೆಲವು ಮನೆಗಳಲ್ಲಿ ಫೋನ್ ಸಿಗ್ನಲ್ ಸಿಗುವುದೇ ಇಲ್ಲವೆಂದೂ ಗೊತ್ತಾಯಿತು. ಇಷ್ಟು ದಿನ ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದರೆ, ದೂರು ಕೊಡಲು ಫೋನ್ ಇರಲಿಲ್ಲ ಎಂದರು. ಎನ್ಸಿಯೊ ಅಲ್ಲಿಗೊಂದು ಮೊಬೈಲ್ ಗೋಪುರ ಹಾಕಿಸಿದ.

ನೀರು ಮಾತ್ರ ಬೆಚ್ಚಗಾಗಲಿಲ್ಲ. ಸಾಯ್ಮಿ ದಿನವೂ ಬೆಳಿಗ್ಗೆ ಕೊಳದ ಉಷ್ಣಮಾಪಕ ನೋಡುತ್ತಿದ್ದರು, ಮಾತು ಸಾಲದು ಎಂದುಕೊಂಡು ಇನ್ನೂ ಒಂದಿಷ್ಟು ಜೋಡಿಗಳನ್ನು ಮಾಡುತ್ತಿದ್ದರು. ಈಸ್ಟರ್ ಹತ್ತಿರವಾಗುತ್ತಿತ್ತು.

ಲೆಪ್ಪಲದಲ್ಲಿ ಕರೆಗಳು ಯಾಕೆ ಇಷ್ಟು ಹೆಚ್ಚಿವೆ ಎಂದು ಕಚೇರಿಯಲ್ಲಿ ನಮಗೆ ಅರ್ಥವಾಗಿರಲಿಲ್ಲ. ಎಲ್ಲೋ ದೋಷವಿದೆ ಎಂದೇ ತುಯಿರೆ ತಿಳಿದಿದ್ದರು. ಕೇಳಿದಾಗ ಎನ್ಸಿಯೊ ಕಾರಣ ಹೇಳಿದ. ಇದರಿಂದ ಬಿಸಿ ಎಷ್ಟು ಹೆಚ್ಚುತ್ತದೆ ಎಂದು ನಾನು ಕೇಳಿದೆ. ಊರಿಗೆ ಊರೇ ಹಗಲೂ ರಾತ್ರಿ ಮಾತಾಡಿದರೆ ಒಂದು ಲೋಟ ಕಾಫಿ ಆರದಂತೆ ಇಡಬಹುದೇನೋ ಎಂದ. ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ಎಂದರೆ, ಅವರು ಅದನ್ನು ಕೇಳಲಿಲ್ಲ ಎಂದ.

ಜನ ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರಲ್ಲ, ಸುಮ್ಮನೆ ಬಿಟ್ಟರೇನು ಎಂದು ನನಗೆ ಅನಿಸಿತು. ಹಾಗೇ ಹೇಳಿದೆ. ತುಯಿರೆ ಒಪ್ಪಲಿಲ್ಲ. ಜನ ತಮ್ಮದೇ ಸಂಘವನ್ನು ನಂಬಿ ಕೂತಿದ್ದಾರೆ, ಕೊಳ ಮುಚ್ಚಿದ ದಿನ ಅವರೆದುರು ನಾವು ಹೇಗೆ ನಿಲ್ಲುವುದು ಎಂದರು. ಕೋಟು ಹಾಕಿಕೊಂಡು ಈಜುಕೊಳಕ್ಕೆ ಹೊರಟರು, ನಾನೂ ಹೋದೆ. ಟಿಕೆಟ್ ಕಿಟಕಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಾಯ್ಮಿ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಪೂರಾ ಊರನ್ನೇ ಸುಮ್ಸುಮ್ನೆ ಮಾತಾಡಿಸ್ಬಿಟ್ಟೆ," ಎಂದರು.

ಸುಮ್ಮಸುಮ್ಮನೆ ಅಲ್ಲ ಎಂದು ನಾನು ಏನೋ ಹೇಳಲು ಹೋದೆ. ಸಾಯ್ಮಿ ಹೊರಗೆ ಬಂದು ನನ್ನೆದುರು, ಮೈ ತೊಳೆಯದೆ ಬಂದವರೆದುರು ನಿಲ್ಲುವ ಹಾಗೆ ನಿಂತರು. ನಾನು ಹಿಂದಿರುಗಿ ಹೊರಟೆ.

ಅಂದು ಸಂಜೆ ಸೌನಾದಲ್ಲಿ ಹೆಂಗಸರ ಹಬೆಸ್ನಾನದ ಸರದಿ. ಸಾಯ್ಮಿ ಮೇಲಿನ ಹಲಗೆಯ ಮೇಲೆ ಕೂತು, ಕಾದ ಕಲ್ಲಿನ ಮೇಲೆ ನೀರು ಸುರಿದು, ಹಬೆ ಇಳಿದ ಮೇಲೆ ಎಲ್ಲರಿಗೂ ವಿಷಯ ತಿಳಿಸಿದರಂತೆ. ಒಬ್ಬಾಕೆ, ತನ್ನ ಜೋಡಿಯ ಮಗಳ ಹೆರಿಗೆ ಹೇಗಾಯಿತೆಂದು ಇನ್ನೂ ಗೊತ್ತಾಗಿಲ್ಲ, ಅದು ತಿಳಿಯುವವರೆಗಾದರೂ ತಾನು ಫೋನ್ ಮಾಡುವವಳೇ ಎಂದಳಂತೆ. ಉಳಿದವರಿಗೂ ಅಂಥ ಒಂದೊಂದು ಬಾಕಿ ಇತ್ತು.

ಈಸ್ಟರ್‌ಗೆ ಮೊದಲು ಸಂಘದ ಸಭೆ ಶಾಲೆಯ ಊಟದ ಮನೆಯಲ್ಲಿ ಸೇರಿತು. ಯಾವ ವರ್ಷವೂ ಇಷ್ಟು ಜನ ಬಂದಿರಲಿಲ್ಲ, ಬನ್ನು ಸಾಲಲಿಲ್ಲ. ಹೊಸ ಬಾಡಿಗೆದಾರರು ಸಿಕ್ಕಿಲ್ಲ ಎಂದು ತುಯಿರೆ ಹೇಳಿದರು. ಆತೊಸ್ ಎದ್ದು, ಇರುವ ಯಂತ್ರಗಳಿಗೇ ಏನಾದರೂ ಸುಳ್ಳು ಕೆಲಸ ಕೊಟ್ಟು ಬಿಸಿ ಮಾಡಬಾರದೇ ಎಂದರು. ಉತ್ತರ ನಾನೇ ಕೊಡಬೇಕಾಯಿತು: ಅದು ಕರೆಂಟು ಸುಟ್ಟು ನೀರು ಕಾಯಿಸಿದ ಹಾಗೇ, ಎಣ್ಣೆ ಬಿಟ್ಟು ನಾವು ಈ ದಾರಿಗೆ ಬಂದದ್ದು ಹೇಗೂ ಹುಟ್ಟಿದ ಬಿಸಿ ವ್ಯರ್ಥವಾಗಬಾರದು ಎಂದು, ಬಿಸಿಗಾಗಿಯೇ ಯಂತ್ರ ಓಡಿಸುವುದಕ್ಕಲ್ಲ. ಆತೊಸ್ ತಲೆಯಾಡಿಸಿದರು. ಪುರಸಭೆ ತಮ್ಮಿಂದ ವರ್ಷಗಟ್ಟಲೆ ಖಾಲಿ ಬಸ್ಸು ಓಡಿಸಿತ್ತು, ಹಾಗಾಗಿ ಕೇಳಿದ್ದು ಎಂದು ಹೇಳಿ ಕೂತರು.

ಆಗ ಸಾಯ್ಮಿ ಎದ್ದು ನಿಂತರು. ಮೊದಲು, ಫೋನ್ ವಿಷಯದಲ್ಲಿ ತಪ್ಪು ತಮ್ಮದು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ತಮ್ಮ ಸೂಚನೆ ಹೇಳಿದರು. ಡೈರಿಯಿಂದ ಈಗ ಬರುವ ಬಿಸಿ ಎರಡು ಕೊಳಕ್ಕೆ ಸಾಲದು, ಒಂದಕ್ಕೆ ಸಾಕು. ಎಲ್ಲವನ್ನೂ ಚಿಕ್ಕ ಕೊಳಕ್ಕೆ ಬಿಡಿ. ನೋವಿನವರೂ ಮಕ್ಕಳೂ ಅದರಲ್ಲಿರಲಿ. ದೊಡ್ಡದು ತಣ್ಣಗೇ ಇರಲಿ.

ತಣ್ಣನೆ ನೀರಿಗೆ ಯಾರು ಇಳಿಯುತ್ತಾರೆ ಎಂದು ಹಿಂದಿನಿಂದ ಯಾರೋ ಕೇಳಿದರು.

"ಹೋದ ಶನಿವಾರ ಕೆರೆ ಮಂಜುಗಡ್ಡೆ ಕೊರೆದು ಇಳಿದವ್ರು ಯಾರು?" ಎಂದರು ಸಾಯ್ಮಿ. "ಇಲ್ಲಿ ಕೂತಿರೋರಲ್ಲಿ ಅರ್ಧ ಜನ. ನಾನು ದಡದಲ್ಲಿ ಟವೆಲ್ ಹಿಡ್ಕೊಂಡು ನಿಂತಿದ್ದೆ."

ಇದು ನಿಜ. ಸೌನಾದಿಂದ ಎದ್ದು ಹಿಮದಲ್ಲಿ ನಡೆದು ಮಂಜುಗಡ್ಡೆಯ ಬಾಯಿಗೆ ಇಳಿಯುವವರೇ, ಕೊಳದ ನೀರು ತುಸು ತಣ್ಣಗಾಯಿತೆಂದು ಎರಡು ತಿಂಗಳಿಂದ ಗೋಳಾಡುತ್ತಿದ್ದರು. ಯಾರಿಗೂ ಇದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ನಾನೂ ಆ ಶನಿವಾರ ಕೆರೆಯಲ್ಲಿದ್ದೆ.

"ಕೆರೇಲಿ ಚಳಿ ಬಿಟ್ಟಿ ಸಿಗುತ್ತೆ," ಎಂದರು ಆತೊಸ್. "ಅದಕ್ಕೆ ಟಿಕೆಟ್ ಯಾಕೆ ತಗೋಬೇಕು?"

"ಕೆರೇಲಿ ನಿನಗೆ ಯಾರು ನೆಲ ಒರೆಸ್ತಾರೆ?"

ಸೂಚನೆಗೆ ಕೈಗಳು ಎದ್ದವು. ಪುರಸಭೆಯೂ ಒಪ್ಪಿತು, ಅದಕ್ಕೇನೂ ಖರ್ಚಿರಲಿಲ್ಲ. ಆದರೆ ಶರತ್ಕಾಲದವರೆಗೆ ಮಾತ್ರ ಎಂದಿತು. ದೊಡ್ಡ ಕೊಳಕ್ಕೆ ಜನ ಇಳಿಯದಿದ್ದರೆ, ಖಾಲಿ ಕೊಳಕ್ಕಾಗಿ ಇಷ್ಟು ದೊಡ್ಡ ಕಟ್ಟಡ ನಡೆಸಲಾಗುವುದಿಲ್ಲ, ಎರಡನ್ನೂ ಮುಚ್ಚುತ್ತೇವೆ ಎಂದಿತು.

ಈಸ್ಟರ್ ಕಳೆದ ಮೊದಲ ಬೆಳಿಗ್ಗೆ ಚಿಕ್ಕ ಕೊಳದಿಂದ ಹಬೆ ಏಳುತ್ತಿತ್ತು, ಬುಧವಾರದವರು ಸೋಮವಾರವೇ ಬಂದು ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದರು. ದೊಡ್ಡ ಕೊಳದ ದಂಡೆಯ ಮೇಲೆ ಒಂದಷ್ಟು ಜನ ಟವೆಲ್ ಹೊದ್ದು ನಿಂತಿದ್ದರು. ಎಲ್ಲರೂ ಮೈ ತೊಳೆದಿದ್ದರು. ಯಾರೂ ಇಳಿಯಲಿಲ್ಲ. ಕೆರೆಯಲ್ಲಾದರೆ ಮಂಜುಗಡ್ಡೆ ಇರುತ್ತದೆ, ಸುತ್ತ ಕತ್ತಲಿರುತ್ತದೆ, ಚಳಿಗೆ ಒಂದು ಅರ್ಥವಿರುತ್ತದೆ. ಇಲ್ಲಿ ಬಿಳಿ ಟೈಲ್ಸು, ಟ್ಯೂಬ್‌ಲೈಟು, ಗೋಡೆಯ ಮೇಲೊಂದು ಗಡಿಯಾರ. ತುಯಿರೆಯೂ ನಾನೂ ಅವರ ಜೊತೆಗೇ ನಿಂತಿದ್ದೆವು.

ಸಾಯ್ಮಿ ಟಿಕೆಟ್ ಕಿಟಕಿ ಮುಚ್ಚಿ ಒಳಗೆ ಹೋದರು. ಹೊರಬಂದಾಗ ಈಜುಡುಗೆಯಲ್ಲಿದ್ದರು. ಹಳೆಯದು, ಕಂದು ಬಣ್ಣದ್ದು. ಯಾರ ಮುಖವನ್ನೂ ನೋಡದೆ ಏಣಿ ಇಳಿದು, ಆ ತುದಿಯವರೆಗೆ ಈಜಿ, ತಿರುಗಿ ಈ ತುದಿಗೆ ಬಂದು, ದಂಡೆ ಹಿಡಿದು ನಿಂತರು. ಹೇಗಿದೆ ಎಂದು ತುಯಿರೆ ಕೇಳಿದರು.

"ಒದ್ದೆ," ಎಂದರು ಸಾಯ್ಮಿ.

ಆತೊಸ್ ಟವೆಲ್ ಮಡಿಸಿ ಬೆಂಚಿನ ಮೇಲಿಟ್ಟು ಏಣಿ ಇಳಿದರು. ಎದೆಯವರೆಗೆ ಬಂದಾಗ ಅಲ್ಲೇ ನಿಂತರು.

"ಇಷ್ಟು ತಣ್ಣಗಿದೆ ಅಂತ ಬೆಳಿಗ್ಗೆ ಫೋನಲ್ಲಿ ಹೇಳ್ಲೇ ಇಲ್ಲ ನೀನು," ಎಂದರು.

"ಹೇಳಿದ್ರೆ ಬರ್ತಿದ್ಯಾ?"

ಆತೊಸ್ ಈಜತೊಡಗಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಇಳಿದರು, ತುಯಿರೆ ಇಳಿದರು, ನಾನೂ ಇಳಿದೆ. ಶರತ್ಕಾಲದ ಪುರಸಭೆ ಸಭೆಗೆ ನಾನು ಹೋಗಿ ಕೊನೆಯವರೆಗೂ ಕೂತಿದ್ದೆ. ರಸ್ತೆ ದೀಪದ ಮಾತು ಬಂತು, ಗ್ರಂಥಾಲಯದ ಮೇಲಿನ ಕಾಗೆಗಳ ಮೇಲೆ ದೂರು ಬಂತು. ಈಜುಕೊಳದ ವಿಷಯ ಯಾರೂ ಎತ್ತಲಿಲ್ಲ. ಲೆಪ್ಪಲದಲ್ಲಿ ಹಾಗೆಂದರೆ ಅದು ಉಳಿಯಿತು ಎಂದು ಅರ್ಥ. ಸಾಯ್ಮಿಗೆ ಹೇಳಲೆಂದು ಹೊರಗೆ ಬಂದು ಫೋನ್ ಮಾಡಿದೆ. ಬೇರೆ ಕರೆಯಲ್ಲಿದ್ದಾರೆ ಎಂದಿತು.