ಮಗ್ಗದ ಗೋಡೆಯಾಚೆಯ ಎಂಜಿನ್ನು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಯಾವ ಗ್ಯಾರೇಜಿಗೆ, ಯಾವ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಹೋದರೂ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಹನುಮಂತರಾಯರ ಶಿಷ್ಯನೊಬ್ಬ ಎಣ್ಣೆಗೈಯಲ್ಲೇ ನಮಸ್ಕರಿಸುತ್ತಾನೆ. ಚಳ್ಳಕೆರೆಯ ನಮ್ಮ ತಾಂತ್ರಿಕ ಕಾಲೇಜಿನ ವರ್ಕ್‌ಶಾಪಿನಲ್ಲಿ ಮೂವತ್ತಮೂರು ವರ್ಷ ಅವರು ಲೋಹ ಉಜ್ಜುವ ಅರ ಹಿಡಿಯುವುದನ್ನು ಕಲಿಸಿದರು. ನಾವು ಅರೆಬರೆ ಕಲಿತೆವು. ಈ ನಡುವೆ ಅವರಿಗೆ ಎರಡು ಬಡ್ತಿ ಬಂದವು. ಅವರು ಕಿವಿಗೊಟ್ಟದ್ದು ಮಾತ್ರ ಯಂತ್ರಗಳ ಬಡಿತಕ್ಕೆ.

ವಿದ್ಯಾರ್ಥಿಯಾಗಿದ್ದಾಗ ನಾನು ಅವರದೇ ದನಿಯಲ್ಲಿ ಪಾಠ ಮಾಡುತ್ತ ಅವರ ಕೈಗೇ ಸಿಕ್ಕಿಬಿದ್ದೆ. ಪ್ರಾಂಶುಪಾಲರ ಕೊಠಡಿಗೆ ಕಳಿಸುವ ಬದಲು, "ಲೇ, ನನ್ನ ದನಿ ಬಂತು. ಆ ಮೂಲೆಗಿರೋ ಲೇತಿನ ದನಿ ಬರ್ತೈತಾ? ಬೇರಿಂಗ್ ಹೋದಾಗ ಹೆಂಗೆ, ಹೊಸದು ಹಾಕಿದ ಮ್ಯಾಲೆ ಹೆಂಗೆ, ಎರಡೂ ಮಾಡು" ಎಂದರು. ಯಂತ್ರವನ್ನು ಕೇಳಿಸಿಕೊಳ್ಳಲು ನಾನು ಕಲಿತದ್ದು ಅಂದಿನಿಂದ. ಮುಂದೆ ಅದೇ ವರ್ಕ್‌ಶಾಪಿಗೆ ಸಹೋದ್ಯೋಗಿಯಾಗಿ ಬಂದ ದಿನ, ತಮ್ಮ ಉಪಕರಣಗಳ ಬೀರುವಿನ ಇನ್ನೊಂದು ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ರಜೆಯ ದಿನಗಳಲ್ಲಿ ಮೊಳಕಾಲ್ಮೂರಿನ ಮನೆಯಲ್ಲಿ ಕೂತು, ಒಂಬತ್ತು ವರ್ಷ ಹಿಡಿದು ಅವರು ಕಟ್ಟಿದ ಅಂಗೈಯಗಲದ ಪೆಟ್ರೋಲ್ ಎಂಜಿನ್ನು ಕಳೆದ ವರ್ಷ ಮೊದಲ ಬಾರಿ ಓಡಿತು. ಓಡಿತು ಎಂಬುದು ಅಕ್ಷರಶಃ ನಿಜ. ಮೇಜಿನ ಈ ತುದಿಯಿಂದ ಆ ತುದಿಗೆ ಕುಣಿದುಕೊಂಡು ಹೋಯಿತು. ನಮ್ಮಂಥ ಬಲ್ಲವರ ಸಲಹೆಯಂತೆ ರಾಯರು ಅದನ್ನು ನೆಲದ ಕಲ್ಲುಚಪ್ಪಡಿಗೇ ಬೋಲ್ಟು ಹಾಕಿ ಬಿಗಿದರು. ಎಂಜಿನ್ನು ಸುಮ್ಮನಾಯಿತು, ಮಗ್ಗ ನಡುಗಿತು. ಅದೇ ಚಪ್ಪಡಿಯ ಸಾಲು ಗೋಡೆಯಡಿ ಹಾದು ಅವರ ಪತ್ನಿ ಕಮಲಾಕ್ಷಮ್ಮನವರ ರೇಷ್ಮೆ ಮಗ್ಗದವರೆಗೆ ಹಾಸಿತ್ತೆಂಬುದು ಯಾರಿಗೂ ಹೊಳೆದಿರಲಿಲ್ಲ.

"ಏನ್ರೀ, ಎಳೆ ಕಡೀತಾವೆ, ಬುಟ್ಟಾ ಸೊಟ್ಟ ಆಗ್ತಾವೆ" ಎಂದರು ಆಕೆ. "ಈ ಸೀರೆ ಮಗ್ಗದಿಂದ ಇಳಿಯೋದ್ರೊಳಗೆ ಇದು ಸುಮ್ಕಾಗ್ಬೇಕು. ಇಲ್ಲಾಂದ್ರೆ ಅಟ್ಟಕ್ಕೆ ಹೋಗ್ಬೇಕು."

ನ್ಯಾಯವಾದ ಮಾತು. ಆದರೆ ನಿವೃತ್ತಿಯ ಬಳಿಕ ವರ್ಕ್‌ಶಾಪಿನ ಬಾಗಿಲು ಅವರಿಗೆ ತೆರೆಯದು. ಮನೆಯ ಆ ಕೋಣೆಯೂ ತಪ್ಪಿದರೆ ಒಂಬತ್ತು ವರ್ಷದ ಕೆಲಸಕ್ಕೆ ಅಟ್ಟವೇ ಗತಿ.

ರಾಯರು ಬೋಲ್ಟು ಬಿಚ್ಚಿದರು. ಜರಿ ತೂಗುವ ತಕ್ಕಡಿಯಲ್ಲಿ ಪಿಸ್ಟನ್ನನ್ನು ತೂಗಿ, ಅಷ್ಟೇ ತೂಕದ ಹಿತ್ತಾಳೆಯ ತುಂಡನ್ನು ಚಕ್ರದ ಎದುರು ಬದಿಗೆ ತಿರುಪಿನಿಂದ ಕೂರಿಸಿದರು. ಮೇಲೆ ಕೆಳಗೆ ಜಿಗಿಯುವುದು ನಿಂತಿತು, ಅಕ್ಕಪಕ್ಕ ಒದ್ದಾಡುವುದು ಶುರುವಾಯಿತು. ಪಿಸ್ಟನ್ನು ಮೇಲೆ ಕೆಳಗೆ ಮಾತ್ರ ಓಡಾಡುತ್ತದೆ, ಹಿತ್ತಾಳೆಯೋ ಸುತ್ತುತ್ತದೆ, ಅದು ಪಕ್ಕಕ್ಕೆ ಬಂದಾಗ ಎದುರು ಎಳೆಯುವವರಿಲ್ಲ. "ಪೂರ್ತಿ ತೂಗಿದ್ದೇ ತಪ್ಪಾತು. ಅರ್ಧದ ಹತ್ರ ಎಲ್ಲೋ ಐತೆ" ಎಂದು ಅರ ಹಿಡಿದು ಕೂತರು.

ಹಾಗೆ ಕೂತ ಒಂದು ಭಾನುವಾರ ನಾನೂ ಅಲ್ಲಿದ್ದೆ. ಒಮ್ಮೆ ಉಜ್ಜುವುದು, ಕೂರಿಸುವುದು, ಚಾಲೂ ಮಾಡುವುದು; ಗೋಡೆಯಾಚೆ ಕಮಲಾಕ್ಷಮ್ಮನವರು ಮಗ್ಗದ ಹಾಸಿನ ಎಳೆಗಳ ಮೇಲೆ ಅಂಗೈಯಿಟ್ಟು ತೀರ್ಪು ಹೇಳುವುದು. ಎಂಜಿನ್ನಿನ ಗದ್ದಲದಲ್ಲಿ ಆಕೆಯ ಮಾತು ಕೇಳಿಸದಾದ್ದರಿಂದ ನಡುಬಾಗಿಲಲ್ಲಿ ನಿಂತು ಆಕೆಯದೇ ದನಿಯಲ್ಲಿ ಗಟ್ಟಿಯಾಗಿ ಒಪ್ಪಿಸುವ ಕೆಲಸ ನನ್ನದು. "ಇಂಕಾ ಊಗ್ತಾ ಉಂದಿ" ಎಂದು ಆಕೆ ಮನೆಮಾತು ತೆಲುಗಿನಲ್ಲಿ, ಇನ್ನೂ ಅಲುಗುತ್ತಿದೆಯೆಂದು ಹನ್ನೊಂದು ಸಲ ಹೇಳಿದರು. ಹನ್ನೆರಡನೆಯದಕ್ಕೆ, ಉಜ್ಜಿ ಉಜ್ಜಿ ಕೆಂಪಾದ ಮೇಷ್ಟರ ಬೆರಳು ನೋಡಲಾಗದೆ ನಾನೇ ಆಕೆಯ ದನಿಯಲ್ಲಿ, "ಸಾಕು ಬಿಡ್ರಿ, ನಿಂತೈತೆ" ಎಂದುಬಿಟ್ಟೆ.

ರಾಯರು ತಲೆಯೆತ್ತಲಿಲ್ಲ. ಎಂಜಿನ್ನು ನಿಲ್ಲಿಸಿ ಮತ್ತೆ ತಿರುಪು ಬಿಚ್ಚಿದರು.

"ದನಿ ಅವಳದ್ದೇ ಕಣಲೇ. ಆದ್ರೆ ಮೂವತ್ತು ವರ್ಷದಾಗೆ ಅವಳು ನನಗೆ ಸಾಕು ಅಂದಿದ್ದೇ ಇಲ್ಲ."

ಇನ್ನೂ ನಾಲ್ಕು ಸಲ ಉಜ್ಜಿದರು. ಎಂಜಿನ್ನಿನ ಅಡಿಗೆ ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ಕೊಟ್ಟರು. ಐದನೆಯ ಸಲಕ್ಕೆ ಆಚೆಯಿಂದ ಮಾತೇ ಬರಲಿಲ್ಲ. ರಾಯರು ಅರ ಹಿಡಿದೇ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿತು, ನಿಧಾನವಾಗಿ, ಅಳತೆ ತಪ್ಪದೆ. ಹೋಗಿ ನೋಡಿದರೆ ಕಮಲಾಕ್ಷಮ್ಮನವರು ಸೆರಗು ನೇಯುತ್ತಿದ್ದರು.

"ನಡುಕ ಹೋತಾ?" ಎಂದರು ರಾಯರು.

"ಎಲ್ಲಿ ಹೋತು, ಒಂಚೂರು ಐತೆ" ಎಂದರು ಆಕೆ, ಕೈ ನಿಲ್ಲಿಸದೆ. "ಇರ್ಲಿ, ಅದರ ಜತೆಗೇ ನೇಯ್ತೀನಿ. ಬಾಗ್ಲು ಹಾಕ್ಕೊಳ್ರಿ, ಹೊಗೆ ಬರ್ತೈತೆ."

ಈ ಲೇಖನದಲ್ಲಿ 'ಕಂಪನರಹಿತ' ಎಂಬ ಪದವನ್ನು ಬಳಸಕೂಡದೆಂದು ರಾಯರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಒಂದು ಸಿಲಿಂಡರಿನ ಎಂಜಿನ್ನಿನಲ್ಲಿ ನಡುಕ ಕಡಿಮೆಯಾಗಬಹುದೇ ಹೊರತು ಇಲ್ಲವಾಗದು ಎಂಬುದು ಅವರ ಕೊನೆಯ ಪಾಠ. ಬರುವ ತಿಂಗಳಿನಿಂದ ಆ ಕೋಣೆಯಲ್ಲಿ ಎರಡು ಸಿಲಿಂಡರಿನದು ಶುರುವಾಗಲಿದೆ. ಅದಕ್ಕೂ ಒಂಬತ್ತು ವರ್ಷ ಹಿಡಿಯಲಿ, ಅದರ ಮುಂದಿನದಕ್ಕೆ ಇನ್ನೂ ಹೆಚ್ಚು ಹಿಡಿಯಲಿ. ಉಳಿದ ಆ ಒಂಚೂರು ನಡುಕ ಎಂಜಿನ್ನಿನಲ್ಲೇ ಇರಲಿ. ನಮ್ಮ ಮೇಷ್ಟರ ಕೈಗೆ ಎಂದೂ ಬಾರದಿರಲಿ.